ಹೊಂದಿಸಿಕೊಳ್ಳಬಲ್ಲ ರೈಫಲ್ ಸ್ಟಾಕ್

ರೈಫಲ್‌ನ ನಳಿಕೆ, ಬೋಲ್ಟು, ಟ್ರಿಗರ್‌ಗಳನ್ನು ತನ್ನೊಳಗೆ ಕೂರಿಸಿಕೊಂಡು ಶೂಟರ್‌ನ ಭುಜ, ಕೆನ್ನೆ ಮತ್ತು ಕೈಗಳಿಗೆ ತಾಗುವ ಭಾಗವೇ ಸ್ಟಾಕ್. ಗುಂಡು ಹಾರುವುದು ನಳಿಕೆಯಿಂದ. ಆದರೆ ಆ ನಳಿಕೆ ಪ್ರತಿ ಸಲವೂ ಒಂದೇ ದಿಕ್ಕಿಗೆ, ಒಂದೇ ರೀತಿಯಲ್ಲಿ ನಿಲ್ಲುವಂತೆ ನೋಡಿಕೊಳ್ಳುವುದು ಸ್ಟಾಕ್. ಕಾರ್ಖಾನೆಯಿಂದ ಬರುವ ಸಾಧಾರಣ ಸ್ಟಾಕ್ ಅಂಗಡಿಯಲ್ಲಿ ನೇತುಹಾಕಿದ ಸಿದ್ಧ ಅಂಗಿಯ ಹಾಗೆ: ಸರಾಸರಿ ಮೈಕಟ್ಟಿಗೆ ಹೊಲಿದದ್ದು, ಯಾರಿಗೂ ಪೂರ್ತಿ ಒಪ್ಪುವುದಿಲ್ಲ. ಉದ್ದ, ಕೆನ್ನೆಯ ಎತ್ತರ, ಭುಜಕ್ಕೆ ಒರಗುವ ತಟ್ಟೆಯ ಜಾಗ, ಇವನ್ನು ಬೇಕಾದಂತೆ ಬದಲಿಸಿ ಬಿಗಿಮಾಡಲು ಬರುವಂಥದ್ದನ್ನು ಹೊಂದಿಸಿಕೊಳ್ಳಬಲ್ಲ ಸ್ಟಾಕ್ ಎನ್ನುತ್ತಾರೆ. ಇದನ್ನು ಇಂದು ದೊಡ್ಡ ಕಂಪನಿಗಳು ತಯಾರಿಸುತ್ತವೆ. ಆದರೂ ಇದರ ಚರಿತ್ರೆಯ ಬಹುಪಾಲು ನಡೆದಿರುವುದು ಗರಗಸ, ಅರ, ಉಪ್ಪುಕಾಗದ ಹಿಡಿದು ತಮ್ಮ ರೈಫಲನ್ನು ತಾವೇ ತಿದ್ದಿಕೊಂಡ ಶೂಟರ್‌ಗಳ ಮತ್ತು ಸಣ್ಣ ಕುಶಲಕರ್ಮಿಗಳ ಕೈಯಲ್ಲಿ.

ಈ ತಿದ್ದುಪಡಿಗೆ ಇಷ್ಟು ಬೆಲೆ ಏಕೆ ಎನ್ನುವುದು ಗುರಿಹಲಗೆ ನೋಡಿದರೆ ತಿಳಿಯುತ್ತದೆ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಗುರಿಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಕೇವಲ 0.5 ಮಿಲಿಮೀಟರ್. ಹಾರುವ ಗುಂಡಿನ ವ್ಯಾಸವೇ 4.5 ಮಿಲಿಮೀಟರ್. ದಶಮಾಂಶ ಅಂಕದ ಲೆಕ್ಕದಲ್ಲಿ ಗುಂಡು ಕಾಲು ಮಿಲಿಮೀಟರ್ ಸರಿದರೆ 0.1 ಅಂಕ ಹೋಯಿತು. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದಾಗ ಅವರ ಒಟ್ಟು ಅಂಕ 700.5. ಎರಡನೆಯ ಸ್ಥಾನದ ಚೀನಾದ ಝು ಚಿನಾನ್ ಅವರದು 699.7. ಎಪ್ಪತ್ತು ಗುಂಡುಗಳ ಕೊನೆಗೆ ಉಳಿದ ಅಂತರ 0.8. ಇಂಥ ಆಟದಲ್ಲಿ ಕೆನ್ನೆ ಎಲ್ಲಿ ಒರಗಿತು ಎನ್ನುವುದೂ ಫಲಿತಾಂಶದ ಭಾಗವಾಗುತ್ತದೆ.

ಕೆನ್ನೆಯೇ ಏಕೆ? ಗುರಿ ಹಿಡಿಯುವಾಗ ಕಣ್ಣು, ಹಿಂದಿನ ಸೈಟ್‌ನ ರಂಧ್ರ, ಮುಂದಿನ ಸೈಟ್‌ನ ಉಂಗುರ, ಗುರಿಯ ಕಪ್ಪು ವೃತ್ತ ನಾಲ್ಕೂ ಒಂದೇ ಗೆರೆಯಲ್ಲಿರಬೇಕು. ಇವುಗಳಲ್ಲಿ ರೈಫಲ್‌ಗೆ ಸ್ಕ್ರೂ ಹಾಕಿ ಕೂರಿಸಲಾಗದ್ದು ಕಣ್ಣು ಒಂದೇ. ಅದನ್ನು ಒಂದೇ ಜಾಗದಲ್ಲಿ ಹಿಡಿದಿಡುವುದು ಕೆನ್ನೆಯ ಆಸರೆ. ಆಸರೆ ತಗ್ಗಾಗಿದ್ದರೆ ಶೂಟರ್ ಕತ್ತು ಎತ್ತಿ ನೋಡುತ್ತಾನೆ, ಎತ್ತರವಾಗಿದ್ದರೆ ಕೆನ್ನೆಯನ್ನು ಒತ್ತಿ ಹಿಂಡುತ್ತಾನೆ. ಎರಡರಲ್ಲೂ ಕತ್ತಿನ ಸ್ನಾಯು ಬಿಗಿಯುತ್ತದೆ. ಬಿಗಿದ ಸ್ನಾಯು ಬೇಗ ದಣಿಯುತ್ತದೆ, ದಣಿದದ್ದು ನಡುಗುತ್ತದೆ.

ಎರಡನೆಯ ಅಳತೆ, ಟ್ರಿಗರ್‌ನಿಂದ ಸ್ಟಾಕ್‌ನ ಹಿಂಬದಿಯವರೆಗಿನ ಉದ್ದ. ಬೇಟೆಯ ರೈಫಲ್‌ಗಳಲ್ಲಿ ಇದು ಸಾಮಾನ್ಯವಾಗಿ 13.5 ಇಂಚಿನ ಆಸುಪಾಸು ಇರುತ್ತದೆ. ಮೊಣಕೈಯನ್ನು ಲಂಬಕೋನಕ್ಕೆ ಮಡಚಿ, ಸ್ಟಾಕ್‌ನ ಹಿಂಬದಿಯನ್ನು ಮೊಣಕೈಯ ಒಳಮಡಿಕೆಗೆ ತಾಗಿಸಿದಾಗ ತೋರುಬೆರಳು ಟ್ರಿಗರ್‌ಗೆ ಎಟುಕಬೇಕು ಎಂಬ ಹಳೆಯ ಪರೀಕ್ಷೆ ಒರಟು ಅಂದಾಜಿಗಷ್ಟೇ ಸರಿ. ಕತ್ತಿನ ಉದ್ದ, ತೊಟ್ಟ ಜಾಕೆಟ್‌ನ ದಪ್ಪ, ನಿಂತಿದ್ದಾನೋ ಮಲಗಿದ್ದಾನೋ ಎನ್ನುವುದು, ಎಲ್ಲವೂ ಈ ಲೆಕ್ಕವನ್ನು ಬದಲಿಸುತ್ತವೆ. ಮೂರನೆಯದು ಭುಜದ ತಟ್ಟೆ, ಅಂದರೆ ಬಟ್‌ಪ್ಲೇಟ್‌ನ ಎತ್ತರ. ನೆಟ್ಟಗೆ ನಿಂತಾಗ ಕಣ್ಣಿಗೂ ಭುಜಕ್ಕೂ ನಡುವೆ ಅಂತರ ಹೆಚ್ಚು, ಹಾಗಾಗಿ ತಟ್ಟೆಯನ್ನು ಕೆಳಗಿಳಿಸಿದರೆ ರೈಫಲ್ ಕಣ್ಣಿನ ಮಟ್ಟಕ್ಕೆ ಏರುತ್ತದೆ. ಬೋರಲು ಮಲಗಿದಾಗ ಅಂತರ ಕುಗ್ಗುತ್ತದೆ, ತಟ್ಟೆ ಮೇಲೇರಬೇಕು. 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಮಂಡಿಯೂರಿ, ಮಲಗಿ, ನಿಂತು ಗುಂಡು ಹಾರಿಸುವವರು ಒಂದೇ ಪಂದ್ಯದಲ್ಲಿ ಈ ಅಳತೆಗಳನ್ನು ಬದಲಿಸಿಕೊಳ್ಳುವುದು ಅದಕ್ಕೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಇದೇ ಸ್ಪರ್ಧೆಯಲ್ಲಿ, 451.4 ಅಂಕಗಳೊಂದಿಗೆ.

ಮೈಗೆ ತಕ್ಕ ಸ್ಟಾಕ್ ಬೇಕೆಂಬ ಹಟ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಲ್ಲೂ ಅಮೆರಿಕಕ್ಕೆ ವಲಸೆ ಹೋದ ಜರ್ಮನರ ನಡುವೆಯೂ ಶುಟ್ಸೆನ್ ಎಂಬ ನಿಂತು ಹೊಡೆಯುವ ಗುರಿಸ್ಪರ್ಧೆಗಳು ಊರಹಬ್ಬಗಳಂತೆ ನಡೆಯುತ್ತಿದ್ದವು. ಆ ರೈಫಲ್‌ಗಳಿಗೆ ತೋಳನ್ನು ಬಳಸಿ ಹಿಡಿಯುವ ಕೊಕ್ಕೆಯಂಥ ಬಟ್‌ಪ್ಲೇಟ್, ಉಬ್ಬಿದ ಕೆನ್ನೆಯಾಸರೆ, ಅಂಗೈ ಮೇಲೆ ಕೂರುವ ದುಂಡನೆಯ ಹಿಡಿ ಇರುತ್ತಿದ್ದವು. ಇಂದಿನ ಒಲಿಂಪಿಕ್ ರೈಫಲ್‌ನ ವಿಚಿತ್ರ ಆಕಾರದ ಬೇರು ಅಲ್ಲಿದೆ.

ಸೈನ್ಯಗಳು ಈ ದಾರಿಯಲ್ಲಿ ನಿಧಾನವಾಗಿ ನಡೆದವು. ಬ್ರಿಟಿಷರ ಲೀ-ಎನ್‌ಫೀಲ್ಡ್ ರೈಫಲ್, ಬಂಗಾಳದ ಇಚ್ಛಾಪುರದ ಕಾರ್ಖಾನೆಯಲ್ಲೂ ತಯಾರಾಗಿ ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಇದ್ದ ತ್ರೀ ನಾಟ್ ತ್ರೀ, ಈ ವಿಷಯದಲ್ಲಿ ಜಾಣತನದ ವಿನ್ಯಾಸ. ಅದರ ಸ್ಟಾಕ್ ಎರಡು ತುಂಡು. ಹಿಂಬದಿಯ ತುಂಡನ್ನು ಒಂದೇ ಉದ್ದನೆಯ ಬೋಲ್ಟು ಹಿಡಿದಿರುತ್ತದೆ. ಹಾಗಾಗಿ ಆ ತುಂಡನ್ನು ನಾಲ್ಕು ಉದ್ದಗಳಲ್ಲಿ ಮಾಡಿ, ಮರದ ಮೇಲೆ ಬಿ, ಎಸ್, ಎನ್, ಎಲ್ ಎಂದು ಅಚ್ಚೊತ್ತಿ, ಸೈನಿಕನ ತೋಳಿಗೆ ತಕ್ಕದ್ದನ್ನು ಜೋಡಿಸುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಇದೇ ಕುಟುಂಬದ ನಂಬರ್ 4 ರೈಫಲ್‌ಗೆ ಟೆಲಿಸ್ಕೋಪ್ ಕೂರಿಸಿದಾಗ ಹೊಸ ತೊಡಕು ಬಂತು. ಟೆಲಿಸ್ಕೋಪ್ ಎತ್ತರದಲ್ಲಿತ್ತು, ಹಳೆಯ ಸ್ಟಾಕ್ ಮೇಲೆ ಕೆನ್ನೆ ಇಟ್ಟರೆ ಕಣ್ಣು ಅದಕ್ಕೆ ಎಟುಕುತ್ತಿರಲಿಲ್ಲ. ಲಂಡನ್ನಿನ ಹೆಸರಾಂತ ಬಂದೂಕು ತಯಾರಕರಾದ ಹಾಲೆಂಡ್ ಅಂಡ್ ಹಾಲೆಂಡ್ ಆ ರೈಫಲ್‌ಗಳನ್ನು ಮಾರ್ಪಡಿಸುವಾಗ ಮಾಡಿದ್ದು ಸರಳ ಬಡಗಿಕೆಲಸ: ಮರದ ಕೆನ್ನೆತುಂಡೊಂದನ್ನು ಕೆತ್ತಿ ಸ್ಟಾಕ್ ಮೇಲೆ ಸ್ಕ್ರೂ ಹಾಕಿ ಕೂರಿಸಿದರು. ಅಮೆರಿಕದ ಗ್ಯಾರಂಡ್ ರೈಫಲ್‌ನದು ಬೇರೆ ಕಥೆ. ಅದಕ್ಕೆ ಎಂಟು ಗುಂಡುಗಳ ಕ್ಲಿಪ್ಪನ್ನು ಮೇಲಿನಿಂದಲೇ ತುಂಬಬೇಕಾದ್ದರಿಂದ ಟೆಲಿಸ್ಕೋಪನ್ನು ಎಡಕ್ಕೆ ಸರಿಸಿದರು. ತಲೆಯನ್ನೂ ಎಡಕ್ಕೆ ತರಲು ದಾರ ಕಟ್ಟುವ ಚರ್ಮದ ದಿಂಬೊಂದನ್ನು ಸ್ಟಾಕ್‌ಗೆ ಸುತ್ತಿದರು.

ಕ್ರೀಡಾಂಗಣದಲ್ಲಿ ಬದಲಾವಣೆ ವೇಗವಾಗಿತ್ತು. ಬ್ರಿಟನ್ನಿನ ಮಾಲ್ಕಮ್ ಕೂಪರ್ 1984 ಮತ್ತು 1988ರ ಒಲಿಂಪಿಕ್ಸ್‌ಗಳಲ್ಲಿ ಮೂರು ಭಂಗಿಗಳ ಸ್ಪರ್ಧೆಯ ಚಿನ್ನ ಗೆದ್ದವರು. ಅವರೇ 1978ರಲ್ಲಿ ಶುರುವಾದ ಆಕ್ಯುರಸಿ ಇಂಟರ್‌ನ್ಯಾಷನಲ್ ಎಂಬ ಕಂಪನಿಯ ಸ್ಥಾಪಕರಲ್ಲೊಬ್ಬರು. ಆ ಕಂಪನಿಯ ರೈಫಲ್‌ನಲ್ಲಿ ಸ್ಟಾಕ್ ಎಂದರೆ ಮರದ ದಿಮ್ಮಿಯಲ್ಲ. ನಡುವೆ ಅಲ್ಯೂಮಿನಿಯಂ ಚೌಕಟ್ಟು, ಎರಡೂ ಬದಿಗೆ ಪ್ಲಾಸ್ಟಿಕ್ ಹೊದಿಕೆ. 1980ರ ದಶಕದಲ್ಲಿ ಬ್ರಿಟಿಷ್ ಸೈನ್ಯವೇ ಅದನ್ನು ತೆಗೆದುಕೊಂಡಿತು. ಗುರಿಕಾರನೊಬ್ಬ ತನ್ನ ಆಟಕ್ಕಾಗಿ ಕಲಿತದ್ದು ಸೈನ್ಯಕ್ಕೆ ಪಾಠವಾದ ಸ್ಪಷ್ಟ ಉದಾಹರಣೆ ಇದು. ಆಮೇಲೆ ಜರ್ಮನಿಯ ಆನ್‌ಶುಟ್ಸ್, ಫೈನ್‌ವೆರ್ಕ್‌ಬೌ, ವಾಲ್ಥರ್ ಕಂಪನಿಗಳ ಸ್ಪರ್ಧಾ ರೈಫಲ್‌ಗಳಲ್ಲೂ ಅಲ್ಯೂಮಿನಿಯಂ ಸ್ಟಾಕ್‌ಗಳು ಸಾಮಾನ್ಯವಾದವು.

ಮನೆಯಲ್ಲಿ ಮಾಡುವವರ ಕೆಲಸ ಗರಗಸದಿಂದ ಶುರುವಾಗಬಾರದು, ಅಳತೆಯಿಂದ ಶುರುವಾಗಬೇಕು. ಅನುಭವಿಗಳು ಮೊದಲು ಬೋಲ್ಟು ತೆಗೆದು, ಗುಂಡಿನ ಕೋಣೆ ಖಾಲಿ ಇದೆಯೇ ಎಂದು ಕಣ್ಣಾರೆ ನೋಡುತ್ತಾರೆ. ನಂತರ ಸ್ಟಾಕ್‌ನ ಮೇಲಂಚಿಗೆ ರಟ್ಟಿನ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಟೇಪು ಸುತ್ತುತ್ತಾರೆ. ಕಣ್ಣು ಮುಚ್ಚಿ ರೈಫಲನ್ನು ಭುಜಕ್ಕೇರಿಸಿ, ಕೆನ್ನೆಯನ್ನು ಸಡಿಲವಾಗಿ ಇಳಿಬಿಟ್ಟು, ಕಣ್ಣು ತೆರೆದಾಗ ಸೈಟ್ ನೇರ ಎದುರಿಗಿರಬೇಕು. ಇರದಿದ್ದರೆ ಪಟ್ಟಿ ಸೇರಿಸಬೇಕು ಅಥವಾ ತೆಗೆಯಬೇಕು. ಕೆಲವು ದಿನ ಹೀಗೇ ಅಭ್ಯಾಸ ಮಾಡಿದ ಮೇಲೆ ಸಿಗುವ ಅಳತೆ ನಂಬಬಹುದಾದದ್ದು. ಈ ಹಂತವನ್ನು ಹಾರಿಸಿ ನೇರವಾಗಿ ಮರ ಕೊಯ್ದವರು ಎರಡನೆಯ ಸ್ಟಾಕ್ ಹುಡುಕಬೇಕಾಗುತ್ತದೆ.

ಕೆನ್ನೆಯಾಸರೆಗೆ ಬಳಕೆಯಲ್ಲಿರುವ ದಾರಿ ಇದು. ಸ್ಟಾಕ್‌ನ ಮೇಲಂಚಿನಿಂದ ಒಂದು ತುಂಡನ್ನು ಉದ್ದಕ್ಕೆ ಕೊಯ್ದು ಬಿಡಿಸುತ್ತಾರೆ. ಅದರ ತಳಕ್ಕೆ ಎರಡು ಉಕ್ಕಿನ ಸರಳುಗಳನ್ನು ನೆಟ್ಟು, ಕೆಳಗಿನ ಮರದಲ್ಲಿ ಅವು ಇಳಿಯಲು ತೂತು ಕೊರೆಯುತ್ತಾರೆ. ಪಕ್ಕದಿಂದ ಬರುವ ಸ್ಕ್ರೂ ಸರಳನ್ನು ಬಿಗಿಹಿಡಿಯುತ್ತದೆ. ಕೇಳಲು ಸುಲಭ. ಆದರೆ ಆ ಎರಡು ತೂತುಗಳು ಒಂದಕ್ಕೊಂದು ಸಮಾನಾಂತರವಾಗಿರದಿದ್ದರೆ ಆಸರೆ ಅರ್ಧಕ್ಕೆ ಸಿಕ್ಕಿಕೊಂಡು ಮೇಲೂ ಏರದು, ಕೆಳಗೂ ಇಳಿಯದು. ಕೈಡ್ರಿಲ್‌ನಲ್ಲಿ ಇದು ಕೆಡುವುದೇ ಹೆಚ್ಚು. ಮೇಜಿಗೆ ಬಿಗಿದ ನಿಲುವು ಡ್ರಿಲ್ ಬೇಕು. ಉಕ್ಕಿನ ಸ್ಕ್ರೂ ನೇರವಾಗಿ ಒತ್ತಿದರೆ ಸರಳಿನ ಮೇಲೆ ಕಚ್ಚು ಬಿದ್ದು, ಮುಂದೆ ಪ್ರತಿ ಸಲವೂ ಅದೇ ಕಚ್ಚಿಗೆ ಜಾರುತ್ತದೆ. ನಡುವೆ ಹಿತ್ತಾಳೆಯ ತುಣುಕೊಂದನ್ನು ಇಟ್ಟರೆ ಆ ಕಾಟವಿಲ್ಲ. ಇನ್ನೊಂದು, ಹಲವರು ಕೊನೆಗೆ ಕಂಡುಕೊಳ್ಳುವ ಸಂಗತಿ: ಬೋಲ್ಟ್ ರೈಫಲ್‌ನಲ್ಲಿ ಬೋಲ್ಟನ್ನು ಹಿಂದಕ್ಕೆ ಎಳೆದು ಹೊರತೆಗೆಯಬೇಕು. ಏರಿಸಿದ ಕೆನ್ನೆಯಾಸರೆ ಅದಕ್ಕೆ ಅಡ್ಡ ಬರುತ್ತದೆ. ಮುಂತುದಿಯಲ್ಲಿ ಬೋಲ್ಟಿಗೆ ದಾರಿಬಿಡುವಷ್ಟು ಮರವನ್ನು ತೋಡಬೇಕು, ಇಲ್ಲವೇ ಆಸರೆಯನ್ನೇ ಹಿಂದಕ್ಕೆ ಸರಿಸಬೇಕು.

ಬಟ್‌ಪ್ಲೇಟ್‌ಗೂ ಇದೇ ತರ್ಕ. ಒಂದೇ ದುಂಡು ಸರಳಿನ ಮೇಲೆ ನಿಲ್ಲಿಸಿದರೆ ತಟ್ಟೆ ತಿರುಗುತ್ತದೆ, ಆದ್ದರಿಂದ ಎರಡು ಸರಳು ಅಥವಾ ಚೌಕ ಕೊಳವೆ ಬಳಸುತ್ತಾರೆ. ಮೇಲೆ ಕೆಳಗೆ ಸರಿಸಲು ಅಲ್ಯೂಮಿನಿಯಂ ತಟ್ಟೆಯಲ್ಲಿ ಉದ್ದನೆಯ ಸೀಳು ಸಾಕು. ಏರ್ ರೈಫಲ್‌ನಲ್ಲಿ ಹಿಂದೊದೆತ ಇಲ್ಲವೆನ್ನುವಷ್ಟು ಕಡಿಮೆ, .22 ರೈಫಲ್‌ನಲ್ಲೂ ಅಲ್ಪ. ದೊಡ್ಡ ಕ್ಯಾಲಿಬರ್‌ನ ರೈಫಲ್ ಆದರೆ ಮಾತೇ ಬೇರೆ. ಅಲ್ಲಿ ಸಡಿಲ ಜೋಡಣೆ ಒದೆತಕ್ಕೆ ಜಾರಿ, ತಟ್ಟೆ ಒಳಕ್ಕೆ ನುಗ್ಗುತ್ತದೆ. ಕೆನ್ನೆಯಾಸರೆಯ ಮೇಲ್ಮೈ ಮುಂದಕ್ಕೆ ಏರುತ್ತ ಹೋಗಿದ್ದರೆ ರೈಫಲ್ ಹಿಂದೆ ಸರಿಯುವಾಗ ಕೆನ್ನೆಮೂಳೆಗೆ ಬಡಿಯುತ್ತದೆ. ಅದು ನಳಿಕೆಗೆ ಸಮಾನಾಂತರವಾಗಿರಬೇಕು, ಇಲ್ಲವೇ ಮುಂದಕ್ಕೆ ತುಸು ಇಳಿಜಾರಾಗಿರಬೇಕು. ಹಿಡಿಯ ಕುತ್ತಿಗೆಯಿಂದ, ಅಂದರೆ ಹೆಬ್ಬೆರಳು ಸುತ್ತುವ ಸಣ್ಣ ಜಾಗದಿಂದ, ಮರ ಕೆತ್ತಿ ತೆಗೆಯಬಾರದು. ಸ್ಟಾಕ್‌ಗಳು ಸೀಳುವುದು ಹೆಚ್ಚಾಗಿ ಅಲ್ಲೇ.

ಮರದ ಆಯ್ಕೆಯಲ್ಲಿ ಅಕ್ರೋಟಕ್ಕೆ ಹಳೆಯ ಮರ್ಯಾದೆ ಇದೆ. ಅದು ಹಗುರ, ಗಟ್ಟಿ, ಒದೆತ ತಾಳುತ್ತದೆ, ಒಣಗಿದ ಮೇಲೆ ಹೆಚ್ಚು ಡೊಂಕಾಗುವುದಿಲ್ಲ. ಆದರೂ ಯಾವ ಮರವಾದರೂ ತೇವ ಕುಡಿದರೆ ಎಳೆಗೆ ಅಡ್ಡಲಾಗಿ ಉಬ್ಬುತ್ತದೆ, ಉಬ್ಬಿ ನಳಿಕೆಯನ್ನು ಒತ್ತಿದರೆ ಗುರಿ ಸರಿಯುತ್ತದೆ. ತೆಳು ಹಾಳೆಗಳನ್ನು ಅಂಟಿಸಿ ಮಾಡಿದ ಪದರುಮರ ಇದಕ್ಕೆ ಒಂದು ಉತ್ತರ. ಎರಡನೇ ಮಹಾಯುದ್ಧದ ಜರ್ಮನ್ ಮೌಸರ್‌ಗಳಲ್ಲೇ ಅದು ಬಳಕೆಯಲ್ಲಿತ್ತು. ರೈಫಲ್‌ನ ಲೋಹಭಾಗ ಕೂರುವ ಜಾಗಕ್ಕೆ ಎಪಾಕ್ಸಿ ತುಂಬಿ ಅಚ್ಚುಕಟ್ಟು ಮಾಡುವುದು, ಸ್ಕ್ರೂಗಳ ಸುತ್ತ ಅಲ್ಯೂಮಿನಿಯಂ ಕೊಳವೆ ಇಟ್ಟು ಬಿಗಿತ ಮರದ ಮೇಲೆ ಬೀಳದಂತೆ ನೋಡಿಕೊಳ್ಳುವುದು ಇನ್ನೊಂದು. ನಳಿಕೆಯ ಅಡಿಯಲ್ಲಿ ಕಾಗದದ ಹಾಳೆ ತಡೆಯಿಲ್ಲದೆ ಸರಿದಾಡಿದರೆ ನಳಿಕೆ ಮರಕ್ಕೆ ತಾಗಿಲ್ಲ ಎಂದರ್ಥ. ಹೆಚ್ಚಿನ ಶೂಟರ್‌ಗಳು ಹಳೆಯ ಮೂಲ ಸ್ಟಾಕನ್ನು ಹಾಗೇ ಎತ್ತಿಟ್ಟು ಬೇರೊಂದರ ಮೇಲೆ ಪ್ರಯೋಗ ಮಾಡುತ್ತಾರೆ. ಅದೇ ಸರಿ. ಎಂಬತ್ತು ವರ್ಷ ಬದುಕಿದ ಅಕ್ರೋಟದ ಸ್ಟಾಕ್‌ಗೆ ಗರಗಸ ಹಾಕಿದರೆ ಅದು ಮತ್ತೆ ಹುಟ್ಟುವುದಿಲ್ಲ.

ಸ್ಪರ್ಧೆಗೆ ಇಳಿಯುವವರಿಗೆ ಕೈಗೆ ಬಂದಂತೆ ಮಾಡುವ ಸ್ವಾತಂತ್ರ್ಯವಿಲ್ಲ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಂತೆ ಏರ್ ರೈಫಲ್‌ನ ತೂಕ ಸೈಟ್ ಸೇರಿ 5.5 ಕಿಲೋ ದಾಟಬಾರದು. ಹೆಬ್ಬೆರಳು ತೂರುವ ತೂತು, ಅಂಗೈ ಆಸರೆ, ಮಟ್ಟಗೋಲಿನ ಗುಳ್ಳೆ ಅದರಲ್ಲಿ ನಿಷಿದ್ಧ. ಮನೆಯಲ್ಲಿ ಸೇರಿಸಿದ ಒಂದೊಂದು ಅಲ್ಯೂಮಿನಿಯಂ ತುಂಡೂ ತೂಕದ ಲೆಕ್ಕಕ್ಕೆ ಬರುತ್ತದೆ. ಬಯಾತ್ಲಾನ್‌ನಲ್ಲಿ ಚಿಂತೆ ತಿರುವುಮುರುವು: ಹಿಮದ ಮೇಲೆ ರೈಫಲ್ ಬೆನ್ನಿಗೇರಿಸಿ ಸ್ಕೀಯಿಂಗ್ ಮಾಡುವ ಕ್ರೀಡಾಪಟುಗಳಿಗೆ ಕನಿಷ್ಠ ಮಿತಿ 3.5 ಕಿಲೋ, ಅದರ ಸನಿಹಕ್ಕೆ ಇಳಿಸಲು ಸ್ಟಾಕನ್ನು ತೋಡಿ ತೋಡಿ ಹಗುರ ಮಾಡುತ್ತಾರೆ.

ಭಾರತದಲ್ಲಿ ಕಾನೂನಿನ ಗೆರೆ ಇನ್ನೂ ಬಿಗಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕಿನ ಬಿಡಿಭಾಗಗಳೂ ಬಂದೂಕಿನ ವ್ಯಾಖ್ಯೆಯೊಳಗೆ ಬರುತ್ತವೆ. ತಯಾರಿಕೆ, ಮಾರ್ಪಾಡು, ರಿಪೇರಿಗೆ ಪರವಾನಗಿ ಬೇಕು. ಪರವಾನಗಿಯ ರೈಫಲ್ ಇದ್ದವರು ಸ್ಟಾಕ್‌ನ ಕೆಲಸವನ್ನು ಪರವಾನಗಿ ಪಡೆದ ಬಂದೂಕು ಅಂಗಡಿಗೆ ಒಪ್ಪಿಸುವುದೇ ಸುರಕ್ಷಿತ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು, ಒಯ್ಯಲು ವಿನಾಯಿತಿ ಇದೆ. 2029ರ ಅಕ್ಟೋಬರ್ 31ರವರೆಗೆ ಅದನ್ನು ವಿಸ್ತರಿಸಲಾಗಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ ಇವೆಲ್ಲ ಆ ಹಕ್ಕಿನ ಜೊತೆ ಬೆಸೆದುಕೊಂಡಿವೆ. ಆದರೆ ಆ ವಿನಾಯಿತಿ ಇಟ್ಟುಕೊಳ್ಳುವುದಕ್ಕೇ ಹೊರತು ಕೋವಿ ತಯಾರಿಸುವುದಕ್ಕಲ್ಲ. ಏರ್‌ಗನ್‌ಗಳ ಮಟ್ಟಿಗೆ 2016ರ ನಿಯಮಗಳು 20 ಜೌಲ್ ಶಕ್ತಿ ಅಥವಾ 4.5 ಮಿಲಿಮೀಟರ್ ಕ್ಯಾಲಿಬರ್ ಮೀರಿದವಕ್ಕೆ ಪರವಾನಗಿ ಕೇಳುತ್ತವೆ. ಒಲಿಂಪಿಕ್ ಏರ್ ರೈಫಲ್ ಈ ಮಿತಿಯೊಳಗೇ ಇದೆ. ಹೊಸಬರು ಕೈಯಾರೆ ಸ್ಟಾಕ್ ತಿದ್ದಲು ಕಲಿಯುವುದಿದ್ದರೆ ಅದರಿಂದಲೇ ಕಲಿಯುವುದು ಮೇಲು.

ಮೈಗೆ ತಕ್ಕಂತೆ ರೈಫಲ್ ಬದಲಾಗಬೇಕು ಎನ್ನುವುದು ಪ್ಯಾರಾ ಶೂಟಿಂಗ್‌ನಲ್ಲಿ ಅನುಕೂಲದ ಮಾತಾಗಿ ಉಳಿಯುವುದಿಲ್ಲ, ಆಟದ ಷರತ್ತೇ ಆಗುತ್ತದೆ. ಗಾಲಿಕುರ್ಚಿಯಲ್ಲಿ ಕೂತು ಹೊಡೆಯುವ ಜೈಪುರದ ಅವನಿ ಲೇಖರಾ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ 249.6, ಪ್ಯಾರಿಸ್‌ನಲ್ಲಿ 249.7 ಅಂಕ ಪಡೆದು ಏರ್ ರೈಫಲ್‌ನಲ್ಲಿ ಎರಡು ಸಲ ಚಿನ್ನ ಗೆದ್ದರು. ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ಪ್ಯಾರಿಸ್‌ನಲ್ಲಿ ಸ್ಪರ್ಧಿಸಿದ್ದು ಎಸ್‌ಎಚ್‌2 ವಿಭಾಗದಲ್ಲಿ. ರೈಫಲ್‌ನ ಭಾರವನ್ನು ತೋಳಿನಿಂದ ಹೊರಲಾಗದವರ ವಿಭಾಗ ಅದು. ಅಲ್ಲಿ ರೈಫಲ್‌ನ ಮುಂಭಾಗವನ್ನು ಸ್ಪ್ರಿಂಗ್ ಇರುವ ಸ್ಟ್ಯಾಂಡ್ ಹೊರುತ್ತದೆ. ಸ್ಪ್ರಿಂಗ್ ಅಲುಗುವುದರಿಂದ ಸ್ಟ್ಯಾಂಡ್ ಭಾರವನ್ನಷ್ಟೇ ತೆಗೆದುಕೊಳ್ಳುತ್ತದೆ, ಗುರಿಯನ್ನು ಸ್ಥಿರವಾಗಿ ಹಿಡಿಯುವ ಕೆಲಸ ಶೂಟರ್‌ನದಾಗಿಯೇ ಉಳಿಯುತ್ತದೆ.