ಅಫೀಮಿನ ವರ್ಜನಬಾಧೆ ಮತ್ತು ಮದ್ಯದ ಮರುದಿನ: ಒಂದು ಹೋಲಿಕೆಯ ಇತಿಹಾಸ

ಅಫೀಮಿನ ಚಟವುಳ್ಳವನು ಅದನ್ನು ಬಿಟ್ಟಾಗ ಪಡುವ ಯಾತನೆ ದೊಡ್ಡದೋ, ರಾತ್ರಿ ಮಿತಿಮೀರಿ ಕುಡಿದವನು ಮರುದಿನ ಬೆಳಿಗ್ಗೆ ಪಡುವ ಯಾತನೆ ದೊಡ್ಡದೋ ಎಂಬ ಪ್ರಶ್ನೆಯನ್ನು ಜನರು ಆಗಾಗ ಕೇಳುವುದುಂಟು. ಮೇಲುನೋಟಕ್ಕೆ ಇದು ಹರಟೆಯ ಪ್ರಶ್ನೆಯಂತೆ ತೋರುತ್ತದೆ. ಆದರೆ ಕಳೆದ ಎರಡು ಶತಮಾನಗಳ ವೈದ್ಯಕೀಯ ಮತ್ತು ಆಡಳಿತದ ಚರಿತ್ರೆಯನ್ನು ನೋಡಿದರೆ, ಅಫೀಮನ್ನೂ ಮದ್ಯವನ್ನೂ ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ತೂಗುವ ಈ ಕಾರ್ಯವು ಕಾನೂನುಗಳನ್ನು ರೂಪಿಸಿದೆ, ಚಿಕಿತ್ಸೆಯ ದಾರಿಯನ್ನು ತಿರುಗಿಸಿದೆ, ಕೆಲವೊಮ್ಮೆ ರೋಗಿಗಳ ಪ್ರಾಣಕ್ಕೂ ಎರವಾಗಿದೆ ಎಂಬುದು ತಿಳಿದುಬರುತ್ತದೆ. ಆದುದರಿಂದ ಈ ಹೋಲಿಕೆಯು ಹೇಗೆ ಬೆಳೆಯಿತು, ಅದರಲ್ಲಿ ದೋಷವೆಲ್ಲಿ ಹೊಕ್ಕಿತು ಎಂಬುದನ್ನು ನಾವಿಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ಮೊದಲು ಪದಗಳ ಅರ್ಥವನ್ನು ನಿರ್ಧರಿಸಿಕೊಳ್ಳುವುದು ಅವಶ್ಯ. ಒಂದು ರಾತ್ರಿಯ ಕುಡಿತದ ತರುವಾಯ ಬರುವ ತಲೆನೋವು, ಓಕರಿಕೆ, ಬಾಯಾರಿಕೆ, ಜಡತೆ ಇವುಗಳನ್ನು 'ಮರುದಿನದ ಜಡ್ಡು' ಎಂದು ಕರೆಯೋಣ. ಈಗ ಪಟ್ಟಣಗಳಲ್ಲಿ 'ಹ್ಯಾಂಗೋವರ್' ಎಂಬ ಮಾತೇ ಬಳಕೆಗೆ ಬಂದಿದೆ. ಬಹುಕಾಲ ಸೇವಿಸಿದ ವಸ್ತುವನ್ನು ಬಿಟ್ಟಾಗ ಅಥವಾ ಅದು ದೊರೆಯದೆ ಹೋದಾಗ ಏಳುವ ಬಾಧೆಯನ್ನು ವೈದ್ಯರು ಹಿಂತೆಗೆತದ ಲಕ್ಷಣಗಳೆನ್ನುತ್ತಾರೆ; ನಾವು ಅದನ್ನು 'ವರ್ಜನಬಾಧೆ' ಎನ್ನೋಣ. ಮೊದಲನೆಯದು ಅತಿಸೇವನೆಯ ಫಲ. ಯಾರಿಗಾದರೂ, ಮೊದಲ ಸಲ ಕುಡಿದವನಿಗೂ, ಬರಬಹುದು. ಎರಡನೆಯದು ಅಭ್ಯಾಸಕ್ಕೆ ಒಗ್ಗಿದ ದೇಹದ ಪ್ರತಿಕ್ರಿಯೆ. ಹೀಗಿರಲು, ಅಫೀಮಿನ ವರ್ಜನಬಾಧೆಗೆ ಸರಿಸಮನಾಗಿ ನಿಲ್ಲಬೇಕಾದುದು ಮದ್ಯದ ವರ್ಜನಬಾಧೆಯೇ ಹೊರತು ಮರುದಿನದ ಜಡ್ಡಲ್ಲ. ಈ ಸರಳ ಭೇದವನ್ನು ಕಂಡುಕೊಳ್ಳಲು ವೈದ್ಯಶಾಸ್ತ್ರಕ್ಕೆ ಬಹಳ ಕಾಲ ಹಿಡಿಯಿತು.

ನಮ್ಮ ದೇಶದ ಪ್ರಾಚೀನ ವೈದ್ಯಗ್ರಂಥಗಳು ಮದ್ಯದ ವಿಷಯದಲ್ಲಿ ಮೌನವಾಗಿಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಪಾನಾತ್ಯಯ, ಪರಮದ, ಪಾನಾಜೀರ್ಣ, ಪಾನವಿಭ್ರಮಗಳೆಂಬ ನಾಲ್ಕು ವಿಕಾರಗಳನ್ನು ಬೇರೆ ಬೇರೆಯಾಗಿ ಹೇಳಿದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮದಾತ್ಯಯಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಕುಡಿತವನ್ನು ನಿಲ್ಲಿಸಿದ್ದವನು ಒಮ್ಮೆಗೇ ಮತ್ತೆ ಅತಿಯಾಗಿ ಕುಡಿದರೆ ಉಂಟಾಗುವ ಧ್ವಂಸಕ, ವಿಕ್ಷಯಗಳೆಂಬ ಎರಡು ವಿಕಾರಗಳನ್ನೂ ಅಲ್ಲಿ ಹೆಸರಿಸಿದ್ದಾರೆ. ಮದ್ಯದಿಂದಾದ ವಿಕಾರವನ್ನು ಮದ್ಯವನ್ನೇ ವಿಧಿವತ್ತಾಗಿ ಕೊಟ್ಟು ಶಮನಗೊಳಿಸಬೇಕೆಂಬ ಸೂಚನೆಯೂ ಅಲ್ಲಿ ದೊರೆಯುತ್ತದೆ. ಇವನ್ನು ಇಂದಿನ ರೋಗನಾಮಗಳೊಡನೆ ಒಂದಕ್ಕೊಂದು ಜೋಡಿಸುವುದು ಸಾಹಸವಾದೀತು. ಆದರೂ ಕುಡಿತದ ವಿಕಾರಗಳೆಲ್ಲ ಒಂದೇ ಬಗೆಯವಲ್ಲ, ಸೇವನೆಯ ಕ್ರಮ ಕಡಿದುಹೋಗುವುದಕ್ಕೂ ರೋಗಕ್ಕೂ ಸಂಬಂಧವುಂಟು ಎಂಬ ಅರಿವು ಆ ಗ್ರಂಥಕಾರರಿಗಿದ್ದಿತೆಂದು ಹೇಳಲಡ್ಡಿಯಿಲ್ಲ. ಅಫೀಮಾದರೋ ಈ ಎರಡು ಸಂಹಿತೆಗಳಲ್ಲಿಲ್ಲ. ಶಾರ್ಙ್ಗಧರಸಂಹಿತೆಯಂತಹ ಮಧ್ಯಯುಗದ ಗ್ರಂಥಗಳಲ್ಲಿ 'ಅಹಿಫೇನ'ವೆಂಬ ಹೆಸರಿನಿಂದ ಕಾಣಿಸಿಕೊಳ್ಳುತ್ತದೆ.

ಐರೋಪ್ಯ ವೈದ್ಯರಲ್ಲಿ ಈ ಪ್ರಶ್ನೆ ಸ್ಪಷ್ಟವಾಗಿ ತಲೆಯೆತ್ತಿದ್ದು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ. ೧೮೧೩ರಲ್ಲಿ ಥಾಮಸ್ ಸಟನ್ ಎಂಬ ಆಂಗ್ಲ ವೈದ್ಯನು ಕುಡುಕರಲ್ಲಿ ಕಾಣುವ ನಡುಕ, ನಿದ್ರಾಹೀನತೆ, ಇಲ್ಲದ ವಸ್ತುಗಳ ದರ್ಶನ ಇವುಗಳಿಂದ ಕೂಡಿದ ಸನ್ನಿಗೆ 'ಡೆಲಿರಿಯಮ್ ಟ್ರೆಮೆನ್ಸ್' ಎಂದು ಹೆಸರಿಟ್ಟನು. 'ನಡುಕದ ಸನ್ನಿ' ಎಂಬುದು ಅದರ ಅರ್ಥ. ಇದಕ್ಕೆ ಅವನು ಸೂಚಿಸಿದ ಮದ್ದು ಯಾವುದು? ಅಫೀಮು! ಒಂದು ಅಮಲಿನ ಬಾಧೆಯನ್ನು ಇನ್ನೊಂದು ಅಮಲಿನಿಂದ ಅಡಗಿಸುವ ಈ ಪದ್ಧತಿಯು ಹಲವು ದಶಕಗಳ ಕಾಲ ನಡೆದುಬಂದಿತು. ೧೮೩೧ರಲ್ಲಿ ಬಾಸ್ಟನ್ನಿನ ಜಾನ್ ವೇರ್ ಎಂಬ ವೈದ್ಯನು, ಈ ಸನ್ನಿಯು ತನ್ನ ಅವಧಿ ತೀರಿದ ಬಳಿಕ ತಾನಾಗಿಯೇ ಇಳಿಯುವ ಸ್ವಭಾವದ್ದೆಂದು ವಾದಿಸಿ, ಹೆಚ್ಚಿನ ಪ್ರಮಾಣದ ಅಫೀಮಿನ ಉಪಯೋಗವನ್ನು ಪ್ರಶ್ನಿಸಿದನು.

ಅಫೀಮಿನ ಕಡೆಯ ಸಾಕ್ಷ್ಯವು ಮೊದಲು ದೊರೆತದ್ದು ವೈದ್ಯರಿಂದಲ್ಲ, ಸಾಹಿತಿಗಳಿಂದ. ಥಾಮಸ್ ಡಿ ಕ್ವಿನ್ಸಿಯು ೧೮೨೧ರಲ್ಲಿ ಪ್ರಕಟಿಸಿದ ತನ್ನ ಅಫೀಮುಸೇವನೆಯ ಆತ್ಮನಿವೇದನೆಯಲ್ಲಿ ಮದ್ಯವನ್ನೂ ಅಫೀಮನ್ನೂ ನೇರವಾಗಿ ಹೋಲಿಸಿದ್ದಾನೆ. ಮದ್ಯವು ಮನಸ್ಸಿನ ಶಕ್ತಿಗಳನ್ನು ಅಸ್ತವ್ಯಸ್ತಗೊಳಿಸುತ್ತದೆ, ಅಫೀಮು ಅವುಗಳಲ್ಲಿ ಕ್ರಮವನ್ನು ತರುತ್ತದೆ ಎಂಬುದು ಅವನ ವಾದದ ಸಾರ. ಆದರೆ ಅದೇ ಗ್ರಂಥದಲ್ಲಿ ಅಫೀಮಿನ ಯಾತನೆಗಳಿಗೂ ಒಂದು ಭಾಗ ಮೀಸಲಾಗಿದೆಯೆಂಬುದನ್ನು ಮರೆಯಲಾಗದು. ಕವಿ ಕೋಲ್‌ರಿಜ್‌ನು ಅಫೀಮಿನ ಹಿಡಿತದಿಂದ ಬಿಡಿಸಿಕೊಳ್ಳಲೆಂದೇ ೧೮೧೬ರಲ್ಲಿ ಹೈಗೇಟ್‌ನ ವೈದ್ಯ ಜೇಮ್ಸ್ ಗಿಲ್ಮನ್‌ನ ಮನೆಯನ್ನು ಸೇರಿದನು. ೧೮೩೪ರಲ್ಲಿ ಸಾಯುವವರೆಗೂ ಅಲ್ಲಿಯೇ ಉಳಿದನು.

ಅಫೀಮಿನ ಸಾರವಾದ ಮಾರ್ಫೀನನ್ನು ಜರ್ಮನಿಯ ಸೆರ್ಟ್ಯೂರ್ನರ್ ಆ ಶತಮಾನದ ಆದಿಯಲ್ಲಿಯೇ ಬೇರ್ಪಡಿಸಿದ್ದನು. ೧೮೫೩ರಲ್ಲಿ ಎಡಿನ್‌ಬರೋದ ಅಲೆಗ್ಸಾಂಡರ್ ವುಡ್ ಚರ್ಮದಡಿಯ ಸೂಜಿಮದ್ದನ್ನು ಬಳಕೆಗೆ ತಂದನು. ಇವೆರಡೂ ಕೂಡಿದಾಗ ಒಂದು ಹೊಸ ವ್ಯಸನ ಹುಟ್ಟಿತು. ಬರ್ಲಿನ್ನಿನ ಎಡ್ವರ್ಡ್ ಲೆವಿನ್‌ಸ್ಟೈನ್ ೧೮೭೭ರಲ್ಲಿ ಅದರ ಮೇಲೆ ಬರೆದ ಗ್ರಂಥದಲ್ಲಿ ವರ್ಜನಬಾಧೆಯ ವಿವರಣೆ ವ್ಯವಸ್ಥಿತವಾಗಿ ಬಂದಿತು. ಮದ್ದನ್ನು ಒಮ್ಮೆಗೇ ನಿಲ್ಲಿಸಿ ರೋಗಿಯನ್ನು ಕಾವಲಿನಲ್ಲಿಡಬೇಕೆಂಬುದು ಅವನ ಮತ. ಎರ್ಲೆನ್‌ಮೇಯರ್ ಮೊದಲಾದವರು ಕೆಲವು ದಿನಗಳಲ್ಲಿ ಇಳಿಸುತ್ತ ಬರಬೇಕೆಂದರು. ಹಠಾತ್ ವರ್ಜನವೋ ಕ್ರಮವರ್ಜನವೋ ಎಂಬ ಈ ವಿವಾದದ ಹಿಂದೆ, ಈ ಯಾತನೆಯು ನಿಜವಾದ ದೇಹಬಾಧೆಯೋ ಅಥವಾ ಮನಸ್ಸಿನ ದೌರ್ಬಲ್ಯವೋ ಎಂಬ ಇನ್ನೊಂದು ಪ್ರಶ್ನೆಯೂ ಅಡಗಿದ್ದಿತು. ದೌರ್ಬಲ್ಯವೆಂದವರಿಗೆ ಶಿಕ್ಷೆಯೇ ಮದ್ದಾಗಿ ತೋರಿತು.

ಭಾರತದಲ್ಲಿ ಈ ಹೋಲಿಕೆಯು ರಾಜ್ಯನೀತಿಯ ವಿಷಯವಾಯಿತು. ಅಫೀಮಿನ ಆದಾಯವು ನೀತಿಗೆ ವಿರುದ್ಧವಾದುದೆಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ವಾದವೆದ್ದುದರ ಫಲವಾಗಿ ೧೮೯೩ರಲ್ಲಿ ಲಾರ್ಡ್ ಬ್ರಾಸಿಯ ಅಧ್ಯಕ್ಷತೆಯಲ್ಲಿ ರಾಯಲ್ ಕಮಿಷನ್ ನೇಮಕವಾಯಿತು. ಒಂಬತ್ತು ಮಂದಿ ಸದಸ್ಯರಲ್ಲಿ ದರ್ಭಾಂಗದ ಮಹಾರಾಜರೂ ಹರಿದಾಸ ವಿಹಾರಿದಾಸ ದೇಸಾಯಿಯವರೂ ಭಾರತೀಯರು. ೭೦೦ಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ ೧೮೯೫ರಲ್ಲಿ ವರದಿ ಸಲ್ಲಿಸಿದ ಕಮಿಷನ್ನು, ಭಾರತೀಯನ ಮಿತವಾದ ಅಫೀಮುಸೇವನೆಯನ್ನು ಇಂಗ್ಲೆಂಡಿನವರ ಮದ್ಯಸೇವನೆಯ ಜೊತೆಯಲ್ಲಿಟ್ಟು ನೋಡಿ, ಪೂರ್ಣ ನಿಷೇಧ ಅನಾವಶ್ಯಕವೆಂದಿತು. ಹೆನ್ರಿ ವಿಲ್ಸನ್ ಮಾತ್ರ ಭಿನ್ನಮತವನ್ನು ದಾಖಲಿಸಿದನು. ಖಜಾನೆಗೆ ಅಫೀಮಿನಿಂದ ಬರುತ್ತಿದ್ದ ಆದಾಯದ ಹಂಗು ಈ ತೀರ್ಮಾನದ ಹಿನ್ನೆಲೆಯಲ್ಲಿ ಇದ್ದಿತೆಂಬ ಟೀಕೆಯು ಅಂದಿನಿಂದಲೂ ಇದೆ. ನಾವು ಗಮನಿಸಬೇಕಾದ ಅಂಶ ಬೇರೆ. ಈ ತೂಕದಲ್ಲಿ ಮುಖ್ಯವಾಗಿ ತೂಗಿದ್ದು ಸೇವನೆಯ ಫಲವನ್ನು: ಯಾವುದು ಮನುಷ್ಯನನ್ನು ಕಲಹಕ್ಕೆಳೆಯುತ್ತದೆ, ಯಾವುದು ಆರೋಗ್ಯ ಕೆಡಿಸುತ್ತದೆ ಎಂಬುದನ್ನು. ಬಿಡುವುದರ ಫಲವನ್ನು ಅಳೆಯಲು ಅಂದು ಅಳತೆಗೋಲೇ ಇರಲಿಲ್ಲ.

ಅಂತಹ ಅಳತೆಗೋಲು ಸಿದ್ಧವಾದದ್ದು ಅಮೆರಿಕದಲ್ಲಿ. ೧೯೧೪ರ ಹ್ಯಾರಿಸನ್ ಶಾಸನದ ತರುವಾಯ ಅಲ್ಲಿ ವ್ಯಸನಿಗಳು ಸೆರೆಮನೆಗಳನ್ನು ತುಂಬತೊಡಗಿದರು. ಅವರಿಗಾಗಿ ೧೯೩೫ರಲ್ಲಿ ಕೆಂಟಕಿಯ ಲೆಕ್ಸಿಂಗ್‌ಟನ್ನಿನಲ್ಲಿ ಆಸ್ಪತ್ರೆಯೂ ಸೆರೆಮನೆಯೂ ಆದ ಒಂದು ಸಂಸ್ಥೆ ತೆರೆಯಿತು. ಅಲ್ಲಿ ಹಿಮ್ಮೆಲ್ಸ್‌ಬಾಕ್ ಎಂಬ ವೈದ್ಯನು ಕೋಲ್ಬ್‌ನೊಡಗೂಡಿ ೧೯೩೮ರಲ್ಲಿ ವರ್ಜನಬಾಧೆಯನ್ನು ಅಂಕಗಳಿಂದ ಅಳೆಯುವ ಕ್ರಮವನ್ನು ಪ್ರಕಟಿಸಿದನು. ಆಕಳಿಕೆ, ಕಣ್ಣೀರು, ಮೂಗು ಸೋರುವಿಕೆ, ಬೆವರು, ರೋಮಾಂಚ, ಕಣ್ಣಿನ ಪಾಪೆಯ ಹಿಗ್ಗುವಿಕೆ, ವಾಂತಿ, ಜ್ವರ, ರಕ್ತದೊತ್ತಡದ ಏರಿಕೆ, ದೇಹತೂಕದ ಇಳಿಕೆ ಇವು ರೋಗಿಯ ಬಾಯಿಮಾತನ್ನು ನೆಚ್ಚದೆ ಕಾಣಬಹುದಾದ ಚಿಹ್ನೆಗಳು. ಬಾಧೆಯು ನಟನೆಯಲ್ಲ, ದೇಹದ ಸ್ಥಿತಿ ಎಂಬುದು ಇದರಿಂದ ಸಿದ್ಧವಾಯಿತು.

ಮದ್ಯದ ಪಾಳಿ ಇನ್ನೂ ತಡವಾಗಿ ಬಂದಿತು. ನಡುಕದ ಸನ್ನಿಯು ಕುಡಿತದಿಂದ ಬರುವುದೋ, ಕುಡಿತ ನಿಂತುದರಿಂದ ಬರುವುದೋ, ಅನ್ನವಿಲ್ಲದೆ ಕುಡಿದುದರಿಂದ ಬರುವುದೋ ಎಂಬ ವಿವಾದ ಸಟನ್ನನ ಕಾಲದಿಂದ ತೀರಿರಲಿಲ್ಲ. ೧೯೫೩ರಲ್ಲಿ ವಿಕ್ಟರ್ ಮತ್ತು ಆಡಮ್ಸ್ ಎಂಬ ವೈದ್ಯರು ಬಾಸ್ಟನ್ನಿನ ಆಸ್ಪತ್ರೆಯ ರೋಗಿಗಳನ್ನು ನೋಡಿ, ನಡುಕ, ಸೆಳವು, ಸನ್ನಿಗಳು ಕುಡಿತ ನಿಂತ ಮೇಲೆ ಒಂದು ಕಾಲಕ್ರಮವನ್ನನುಸರಿಸಿ ಬರುತ್ತವೆಂದರು. ೧೯೫೫ರಲ್ಲಿ ಇಸ್ಬೆಲ್ ಮತ್ತು ಅವನ ಸಹೋದ್ಯೋಗಿಗಳು ಲೆಕ್ಸಿಂಗ್‌ಟನ್ನಿನಲ್ಲಿ ಹತ್ತು ಮಂದಿಗೆ ಒಳ್ಳೆಯ ಆಹಾರ ಮತ್ತು ಜೀವಸತ್ವಗಳೊಡನೆ ವಾರಗಟ್ಟಲೆ ಮದ್ಯ ಕೊಟ್ಟು, ಅನಂತರ ಒಮ್ಮೆಗೇ ನಿಲ್ಲಿಸಿದರು. ಬಹುದಿನ ಕುಡಿದವರಲ್ಲಿ ಕೆಲವರಿಗೆ ಸೆಳವುಗಳೂ ಸನ್ನಿಯೂ ಬಂದವು. ಬೇಗ ನಿಲ್ಲಿಸಿದವರ ಬಾಧೆ ಹಗುರವಾಗಿದ್ದಿತು. ಕಾರಣ ಅನ್ನದ ಕೊರತೆಯಲ್ಲ, ಮದ್ಯದ ನಿಲುಗಡೆ ಎಂಬುದು ಖಚಿತವಾಯಿತು. ಈ ಪ್ರಯೋಗಕ್ಕೆ ಒಳಗಾದವರು ಹಿಂದೆ ಮಾರ್ಫೀನ್ ವ್ಯಸನಿಗಳಾಗಿದ್ದವರೆಂಬುದು ಗಮನಾರ್ಹ. ಸೆರೆಯಲ್ಲಿರುವವನ ಒಪ್ಪಿಗೆಯನ್ನು ಒಪ್ಪಿಗೆಯೆಂದು ಎಷ್ಟರಮಟ್ಟಿಗೆ ಕರೆಯಬಹುದು? ಇಂದಿನ ನ್ಯಾಯದೃಷ್ಟಿಗೆ ಇಂತಹ ಪ್ರಯೋಗ ಸಮ್ಮತವಾಗದು. ನಮ್ಮ ತಿಳಿವಿಗೆ ತೆತ್ತ ಬೆಲೆಯಲ್ಲಿ ಇದೂ ಒಂದೆಂಬುದನ್ನು ಚರಿತ್ರಕಾರನು ಬರೆದಿಡಬೇಕು.

ಈಗ ಮೊದಲ ಪ್ರಶ್ನೆಗೆ ಮರಳೋಣ. ಮರುದಿನದ ಜಡ್ಡು ರಕ್ತದಲ್ಲಿಯ ಮದ್ಯವು ಇಳಿದು ಶೂನ್ಯಕ್ಕೆ ಸಮೀಪಿಸುವಾಗ ಬಲವಾಗಿರುತ್ತದೆ, ಸಾಮಾನ್ಯವಾಗಿ ಒಂದು ಹಗಲಿನಲ್ಲಿ ಕಳೆಯುತ್ತದೆ. ಹೆರಾಯಿನ್ ಮೊದಲಾದ ಅಫೀಮಿನ ವರ್ಗದ ವಸ್ತುಗಳ ವರ್ಜನಬಾಧೆ ಅರ್ಧ ದಿನದೊಳಗೆ ತೊಡಗಿ, ಎರಡು ಮೂರನೆಯ ದಿನ ಶಿಖರಕ್ಕೇರಿ, ವಾರದ ಸುಮಾರಿಗೆ ಇಳಿಯುತ್ತದೆ. ನಿದ್ರಾಹೀನತೆ ಮತ್ತು ಬೇಸರ ಇನ್ನೂ ಬಹುಕಾಲ ಉಳಿಯಬಹುದು. ಯಾತನೆಯ ದೃಷ್ಟಿಯಿಂದ ಇವೆರಡಕ್ಕೂ ಸಾಟಿಯಿಲ್ಲ. ಆದರೆ ಮದ್ಯದ ವರ್ಜನಬಾಧೆಯನ್ನು ಪಕ್ಕದಲ್ಲಿಟ್ಟರೆ ತಕ್ಕಡಿ ತಿರುಗುತ್ತದೆ. ನಿಲ್ಲಿಸಿದ ಕೆಲವೇ ತಾಸುಗಳಲ್ಲಿ ನಡುಕ, ಎರಡು ದಿನಗಳೊಳಗೆ ಸೆಳವು, ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಸನ್ನಿ. ಚಿಕಿತ್ಸೆಯಿಲ್ಲದಿದ್ದರೆ ಸನ್ನಿ ಮಾರಕವಾಗಬಲ್ಲದು. ಬಹುದಿನದ ಮದ್ಯವು ಮಿದುಳಿನ ತಡೆಯುವ ಶಕ್ತಿಗಳನ್ನು ಕುಗ್ಗಿಸಿ, ಉದ್ರೇಕಿಸುವ ಶಕ್ತಿಗಳನ್ನು ಹಿಗ್ಗಿಸಿರುತ್ತದೆ. ಮದ್ಯ ಹಠಾತ್ತನೆ ಸರಿದಾಗ ಉದ್ರೇಕಕ್ಕೆ ಕಡಿವಾಣವಿರುವುದಿಲ್ಲ. ೧೯೬೯ರಲ್ಲಿ ಕೈಮ್ ಮೊದಲಾದವರು ೫೩೭ ರೋಗಿಗಳಲ್ಲಿ ನಡೆಸಿದ ಪರೀಕ್ಷೆಯ ಅನಂತರ ಕ್ಲೋರ್‌ಡಯಾಜೆಪಾಕ್ಸೈಡಿನ ವರ್ಗದ ಔಷಧಗಳು ಈ ಚಿಕಿತ್ಸೆಯಲ್ಲಿ ನೆಲೆಗೊಂಡವು.

ಆದುದರಿಂದ 'ತೀವ್ರ' ಎಂಬ ಮಾತಿನಲ್ಲಿ ಎರಡು ಅರ್ಥಗಳು ಬೆರೆತಿವೆಯೆಂದು ಹೇಳಬೇಕಾಗುತ್ತದೆ. ಯಾತನೆ ಒಂದು, ಅಪಾಯ ಇನ್ನೊಂದು. ಅಫೀಮಿನ ವರ್ಜನವು ಅತಿ ಯಾತನಾಮಯವಾದರೂ ಪ್ರಾಣಹಾನಿ ಅಪರೂಪವೆಂದು ವೈದ್ಯರು ಬಹುಕಾಲ ಹೇಳುತ್ತ ಬಂದರು. ಈ ಮಾತು ಸೆರೆಮನೆಗಳಲ್ಲಿ ಉಪೇಕ್ಷೆಗೆ ನೆಪವಾಯಿತು. ಬಿಡದ ವಾಂತಿಭೇದಿಯಿಂದ ನೀರು ಬತ್ತಿ ಬಂದಿಗಳು ಸತ್ತ ಪ್ರಸಂಗಗಳನ್ನು ೨೦೧೭ರಲ್ಲಿ ಡಾರ್ಕ್ ಮೊದಲಾದ ಸಂಶೋಧಕರು ಎತ್ತಿ ತೋರಿಸಿ, ಈ ಮರಣಗಳು ತಪ್ಪಿಸಬಹುದಾದವುಗಳೆಂದರು. ಬಾಧೆ ಕಳೆದು ಹೊರಬಂದವನು ತಾಳಿಕೆ ಕುಗ್ಗಿರುವುದನ್ನರಿಯದೆ ಹಳೆಯ ಪ್ರಮಾಣವನ್ನೇ ಸೇವಿಸಿ ಸಾಯುವ ಅಪಾಯವೂ ಉಂಟು.

ಭಾರತದಲ್ಲಿ ೧೯೪೯ರಲ್ಲಿ ಅಫೀಮಿನ ಭಕ್ಷಣೆಯನ್ನು ಹತ್ತು ವರ್ಷಗಳಲ್ಲಿ ಕ್ರಮವಾಗಿ ಇಳಿಸಿ ನಿಲ್ಲಿಸುವ ನಿರ್ಧಾರವಾಯಿತು. ಕ್ರಮವರ್ಜನದ ತತ್ತ್ವವು ಇಲ್ಲಿ ರಾಜ್ಯನೀತಿಯ ರೂಪ ತಾಳಿತೆನ್ನಬಹುದು. ಮದ್ಯದ ವಿಷಯದಲ್ಲಾದರೋ ೨೦೨೦ರಲ್ಲಿ ಹಠಾತ್ ವರ್ಜನವು ಯಾರೂ ಬಯಸದೆ ನಮ್ಮ ನಾಡಿನ ಮೇಲೆಯೇ ಬಿದ್ದಿತು. ಸಾಂಕ್ರಾಮಿಕದ ಕಾರಣ ಮಾರ್ಚಿಯಲ್ಲಿ ಮುಚ್ಚಿದ ಮದ್ಯದಂಗಡಿಗಳು ಕರ್ನಾಟಕದಲ್ಲಿ ಮೇ ೪ರಂದು ಪುನಃ ತೆರೆದವು. ಆ ಅವಧಿಯಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ಸೆಳವು ಮತ್ತು ಸನ್ನಿಯಿಂದ ಕೂಡಿದ ಮದ್ಯವರ್ಜನದ ರೋಗಿಗಳು ಹೆಚ್ಚಾಗಿ ಬಂದುದನ್ನು ಇಲ್ಲಿಯ ವೈದ್ಯರೇ ಅದೇ ವರ್ಷ ಪ್ರಕಟಪಡಿಸಿದರು. ಅಂಗಡಿ ಮುಚ್ಚಿದರೆ ಕುಡುಕನಿಗೆ ನಾಲ್ಕು ದಿನ ತಲೆನೋವು, ಆಮೇಲೆ ಒಳಿತು ಎಂದು ಭಾವಿಸಿದ್ದ ಮನೆಯವರು ನಡುಗುವ ಕೈಗಳನ್ನೂ ಗೋಡೆಯ ಮೇಲೆ ಹುಳುಗಳನ್ನು ಕಾಣುವ ಕಣ್ಣುಗಳನ್ನೂ ಕಂಡು ದಿಗಿಲುಗೊಂಡಿದ್ದರೆ ಆಶ್ಚರ್ಯವಿಲ್ಲ. ಮರುದಿನದ ಜಡ್ಡನ್ನೇ ಮದ್ಯದ ಕೊನೆಯ ದಂಡವೆಂದು ಎಣಿಸಿದುದರ ಪರಿಣಾಮವಿದು.

ಇಷ್ಟರಿಂದ ನಾವು ತಲುಪುವ ನಿರ್ಣಯ ಸರಳವಾದುದು. ಮರುದಿನದ ಜಡ್ಡನ್ನು ಅಫೀಮಿನ ವರ್ಜನಬಾಧೆಯೊಡನೆ ತೂಗುವುದು ಒಂದು ದಿನದ ಹಸಿವನ್ನು ಕ್ಷಾಮದೊಡನೆ ತೂಗಿದಂತೆ. ಸರಿಯಾದ ಜೋಡಿಯನ್ನಿಟ್ಟು ತೂಗಿದಾಗ, ಹೆಚ್ಚು ನೋಯಿಸುವುದೇ ಹೆಚ್ಚು ಕೊಲ್ಲುವುದಲ್ಲ, ಸಮಾಜವು ಹೆಚ್ಚು ಹಳಿಯುವುದೇ ಹೆಚ್ಚು ಅಪಾಯಕರವೂ ಅಲ್ಲ ಎಂಬುದು ತಿಳಿಯುತ್ತದೆ. ಎರಡು ಶತಮಾನಗಳ ಈ ಚರಿತ್ರೆಯಲ್ಲಿ ವ್ಯಸನಿಯ ನರಳಿಕೆಯನ್ನು ನಟನೆಯೆಂದೋ ತಕ್ಕ ಶಾಸ್ತಿಯೆಂದೋ ತಿಳಿದವರು ಮತ್ತೆ ಮತ್ತೆ ತಪ್ಪಿದ್ದಾರೆ; ಹಾಸಿಗೆಯ ಬಳಿ ಕುಳಿತು ಅದನ್ನು ತಾಳ್ಮೆಯಿಂದ ಬರೆದಿಟ್ಟುಕೊಂಡವರಿಂದಲೇ ತಿಳಿವು ಮುಂದೆ ಸಾಗಿದೆ.