ಎತ್ತರಕ್ಕೆ ಎಷ್ಟು ಕೋಟಿ?

ಒಬ್ಬ ಆರೂವರೆ ಅಡಿ ಮನುಷ್ಯ ಒಂದು ಸೀಸನ್‌ನಲ್ಲಿ ಇದ್ದಕ್ಕಿದ್ದ ಹಾಗೆ ಮಿಂಚಿಬಿಡ್ತಾನೆ. ಅದೇ ಹೊತ್ತಿಗೆ ಅವನ ಹಳೇ ಒಪ್ಪಂದ ಮುಗಿದು ಮಾರುಕಟ್ಟೆಗೆ ಬರ್ತಾನೆ. ಅವನಿಗೆ ಕೋಟಿ ಕೋಟಿ ಸುರಿಯಬೇಕಾ, ಬೇಡವಾ? ಇದರ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಅಂದ್ಕೊಂಡಿದ್ದೆ. ಆಫೀಸಿನ ರಿಲೀಸು, ಬಗ್ಗು ಅಂತ ಮುಂದಕ್ಕೆ ಹೋಗ್ತಾನೇ ಇತ್ತು. ಈ ವಾರ ಊರಿಗೆ ಬಂದಿದೀನಿ, ತೊಣ್ಣೂರಲ್ಲಿ ಕರೆಂಟೂ ಇದೆ, ನೆಟ್‌ವರ್ಕೂ ಇದೆ. ಇಂಥ ಯೋಗ ಪದೇ ಪದೇ ಬರಲ್ಲ, ಬರೆದುಬಿಡ್ತೀನಿ :)

2021ರ ಫೆಬ್ರವರಿ 18ರಂದು ಐಪಿಎಲ್ ಹರಾಜು ನಡೆದಾಗಲೂ ನಾನು ಇಲ್ಲೇ ಇದ್ದೆ. ವರ್ಕ್ ಫ್ರಂ ಹೋಮ್ ಕಾಲ. ಒಂದು ಕಿವಿಯಲ್ಲಿ ಮೀಟಿಂಗು, ಇನ್ನೊಂದು ಕಿವಿಯಲ್ಲಿ ಹರಾಜು. ನ್ಯೂಜಿಲೆಂಡಿನ ಕೈಲ್ ಜೇಮಿಸನ್ ಹೆಸರು ಬಂತು. ಎತ್ತರ 6 ಅಡಿ 8 ಇಂಚು, ಮೂಲ ಬೆಲೆ 75 ಲಕ್ಷ. ನಮ್ಮ ಆರ್‌ಸಿಬಿ ಕೈ ಇಳಿಸಲೇ ಇಲ್ಲ. ಕೊನೆಗೆ ನಿಂತಿದ್ದು 15 ಕೋಟಿಗೆ. ಆ ವರ್ಷದ ಹರಾಜಿನಲ್ಲಿ ಅವನಿಗಿಂತ ಜಾಸ್ತಿ ದುಡ್ಡು ಸಿಕ್ಕಿದ್ದು ಕ್ರಿಸ್ ಮಾರಿಸ್‌ಗೆ ಮಾತ್ರ, 16.25 ಕೋಟಿ. ಮಾರಿಸ್ ಯಾರು ಅಂತೀರಾ? ಕೆಲವೇ ವಾರ ಮುಂಚೆ ಆರ್‌ಸಿಬಿ ತಾನಾಗೇ ಬಿಟ್ಟು ಕಳಿಸಿದ್ದ ಆಸಾಮಿ. ಇರಲಿ.

ಜೇಮಿಸನ್ ಮೇಲೆ ಅಷ್ಟು ಆಸೆ ಯಾಕೆ ಬಂತು ಅನ್ನೋದಕ್ಕೆ ಕಾರಣ ಇತ್ತು. 2020ರ ಫೆಬ್ರವರಿಯಲ್ಲಿ ವೆಲ್ಲಿಂಗ್ಟನ್‌ನಲ್ಲಿ ತನ್ನ ಮೊದಲ ಟೆಸ್ಟ್ ಇನ್ನಿಂಗ್ಸಿನಲ್ಲೇ ಪೂಜಾರ, ಕೊಹ್ಲಿ ಇಬ್ಬರನ್ನೂ ಔಟ್ ಮಾಡಿದ್ದ. ಮುಂದಿನ ಟೆಸ್ಟಿನಲ್ಲಿ ಐದು ವಿಕೆಟ್. 2021ರ ಜನವರಿಯಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ಪಾಕಿಸ್ತಾನದ ಮೇಲೆ ಒಂದೇ ಟೆಸ್ಟಿನಲ್ಲಿ 11 ವಿಕೆಟ್. ಅಬ್ಬಾ ಅನ್ನಿಸೋ ಲೆಕ್ಕವೇ. ಆದರೆ ಅದು ಕೆಂಪು ಚೆಂಡು, ಹಸಿರು ಪಿಚ್ಚು, ತಣ್ಣನೆ ಗಾಳಿ. ಅವನು ಆಡಿದ್ದ ಅಂತಾರಾಷ್ಟ್ರೀಯ ಟಿ20ಗಳು ಬೆರಳೆಣಿಕೆಯಷ್ಟು. ಒಂದು ಕಂಪ್ಯೂಟರಿನಲ್ಲಿ ಓಡಿದ ಪ್ರೋಗ್ರಾಮು ಎಲ್ಲ ಕಡೆ ಓಡುತ್ತೆ ಅಂತ ನಂಬಿ ಶುಕ್ರವಾರ ಸಂಜೆ ಪ್ರೊಡಕ್ಷನ್‌ಗೆ ಹಾಕೋ ಮ್ಯಾನೇಜರುಗಳನ್ನ ನಾವು ನೋಡಿದೀವಲ್ಲ, ಥೇಟ್ ಹಾಗೇ.

ಫಲಿತಾಂಶ ನಿಮಗೆ ಗೊತ್ತಿರೋದೇ. 9 ಪಂದ್ಯ, 9 ವಿಕೆಟ್. ಓವರಿಗೆ ಒಂಬತ್ತೂವರೆಗಿಂತ ಜಾಸ್ತಿ ರನ್. ಸೀಸನ್ನಿನ ಅರ್ಧ ಭಾಗ ಯುಎಇಗೆ ಹೋದ ಮೇಲೆ ಅವನಿಗೆ ಅವಕಾಶವೇ ಕಡಿಮೆಯಾಯಿತು. ತಮಾಷೆ ಏನಂದ್ರೆ ಅದೇ ವರ್ಷ ಅದೇ ತಂಡದಲ್ಲಿ ಹರ್ಷಲ್ ಪಟೇಲ್ ಇದ್ದ. ಡೆಲ್ಲಿಯಿಂದ ಬದಲಾಗಿ ಬಂದವನು, ಸಂಬಳ 20 ಲಕ್ಷ. ಅವನು ತೆಗೆದಿದ್ದು 32 ವಿಕೆಟ್! ಒಂದು ಐಪಿಎಲ್ ಸೀಸನ್ನಿನಲ್ಲಿ ಅತಿ ಹೆಚ್ಚು ವಿಕೆಟ್ ತೆಗೆದ ಬ್ರಾವೋನ 2013ರ ದಾಖಲೆಗೆ ಸಮ. ಆರ್‌ಸಿಬಿಗೆ ನಿಜವಾಗಿ ಬೇಕಾಗಿದ್ದಿದ್ದು ಕೊನೇ ಓವರುಗಳಲ್ಲಿ ನಿಧಾನದ ಚೆಂಡು ಹಾಕೋ ಒಬ್ಬ ಬುದ್ಧಿವಂತ. ಕೊಂಡಿದ್ದು ಮಾತ್ರ ಎತ್ತರ.

ಈ ಎತ್ತರದ ಹುಚ್ಚು ಕ್ರಿಕೆಟ್ಟಿಗೆ ಅಂಟಿದ್ದು ಇತ್ತೀಚೆಗೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದು ಹಳೇ ಕಾಯಿಲೆ. ಅಮೆರಿಕದ ಎನ್‌ಬಿಎಯಲ್ಲಿ ಹರಾಜಿಲ್ಲ. ಒಪ್ಪಂದ ಮುಗಿದ ಆಟಗಾರ ಸ್ವತಂತ್ರ, ಯಾರು ಒಳ್ಳೇ ಆಫರ್ ಕೊಡ್ತಾರೋ ಅವರ ಹತ್ತಿರ ಹೋಗಬಹುದು. ಅದಕ್ಕೆ ಫ್ರೀ ಏಜೆನ್ಸಿ ಅಂತಾರೆ. ನಾವು ನೋಟಿಸ್ ಪೀರಿಯಡ್ ಮುಗಿಸಿ ಬೇರೆ ಕಂಪನಿಗೆ ಹಾರ್ತೀವಲ್ಲ, ಅದೇ. ತಂಡಗಳ ಒಟ್ಟು ಸಂಬಳಕ್ಕೆ ಮಾತ್ರ ಒಂದು ಮಿತಿ ಇದೆ, ಐಪಿಎಲ್ ತಂಡಗಳ ಪರ್ಸ್ ಇದ್ದ ಹಾಗೆ. ಒಬ್ಬನಿಗೆ ಜಾಸ್ತಿ ಕೊಟ್ಟರೆ ಇನ್ನೊಬ್ಬನ ಹೊಟ್ಟೆ ಮೇಲೆ ಹೊಡೆದ ಹಾಗೇ.

ಅಲ್ಲಿ ಜೆರೋಮ್ ಜೇಮ್ಸ್ ಅಂತ ಒಬ್ಬನಿದ್ದ. ಏಳಡಿ ಒಂದಿಂಚು. 2004-05ರ ಲೀಗಿನಲ್ಲಿ ಸಿಯಾಟಲ್ ತಂಡಕ್ಕೆ ಆಡ್ತಾ ಪಂದ್ಯಕ್ಕೆ ಸರಾಸರಿ ಐದು ಪಾಯಿಂಟೂ ಇಲ್ಲ. ಆಮೇಲೆ ಪ್ಲೇಆಫ್‌ನ 11 ಪಂದ್ಯಗಳಲ್ಲಿ ಏನಾಯ್ತೋ, ಸರಾಸರಿ 12.5! ನ್ಯೂಯಾರ್ಕ್ ನಿಕ್ಸ್ ತಂಡ ಆ 11 ಪಂದ್ಯ ನೋಡಿ 5 ವರ್ಷಕ್ಕೆ 3 ಕೋಟಿ ಡಾಲರ್ ಕೊಟ್ಟಿತು. ಆಸಾಮಿ ಮೊದಲ ಕ್ಯಾಂಪಿಗೇ ತೂಕ ಹೆಚ್ಚಿಸಿಕೊಂಡು ಬಂದ. ಆಮೇಲೆ ಹೇಳಿಕೊಳ್ಳೋ ಅಂಥದ್ದು ಏನೂ ಇಲ್ಲ.

2016ರ ಬೇಸಿಗೆ ಇನ್ನೂ ಮಜವಾಗಿದೆ. ಹೊಸ ಟಿವಿ ಒಪ್ಪಂದದ ದುಡ್ಡು ಬಂದು ಸಂಬಳದ ಮಿತಿ ಒಂದೇ ವರ್ಷದಲ್ಲಿ 7 ಕೋಟಿಯಿಂದ 9.4 ಕೋಟಿ ಡಾಲರಿಗೆ ಏರಿತು. ಎಲ್ಲರ ಜೇಬೂ ತುಂಬಿದೆ, ಅಂಗಡಿಯಲ್ಲಿ ಸಾಮಾನು ಮಾತ್ರ ಅಷ್ಟೇ. ನಮ್ಮ ಕಡೆ ಬೆಲ್ಲದ ರೇಟು ಏರಿದ ವರ್ಷ ಸಂತೆಯಲ್ಲಿ ಎತ್ತಿನ ರೇಟೂ ಏರುತ್ತೆ. ಹಾಗಂತ ಎತ್ತು ಜಾಸ್ತಿ ಉಳಲ್ಲ! ಲೇಕರ್ಸ್ ತಂಡ ಟಿಮೊಫೆ ಮೊಜ್ಗಾವ್ ಅನ್ನೋ ಏಳಡಿ ರಷ್ಯನ್‌ಗೆ 4 ವರ್ಷಕ್ಕೆ 6.4 ಕೋಟಿ ಡಾಲರ್ ಕೊಟ್ಟಿತು. ಒಂದೇ ವರ್ಷಕ್ಕೆ ಸಾಕಾಯ್ತು. ಆದರೆ ಅಷ್ಟು ದೊಡ್ಡ ಸಂಬಳದ ಭಾರವನ್ನ ಬೇರೆಯವರು ಸುಮ್ಮನೆ ಹೊರ್ತಾರಾ? 2017ರಲ್ಲಿ ಅವನನ್ನ ಬ್ರೂಕ್ಲಿನ್‌ಗೆ ದಾಟಿಸೋಕೆ ಡಿ'ಆಂಜೆಲೊ ರಸೆಲ್ ಅನ್ನೋ ಚಿಗುರು ಹುಡುಗನನ್ನೂ ಜೊತೆಗೆ ಕಳಿಸಬೇಕಾಯ್ತು. ಆ ಹುಡುಗ 2019ರಲ್ಲಿ ಆಲ್ ಸ್ಟಾರ್ ಆದ.

ನನ್ನ ಇಂಜಿನಿಯರ್ ಬುದ್ಧಿ ಸುಮ್ಮನಿರಲ್ಲ, ಒಂದು ಲೆಕ್ಕ ಹಾಕಿದೆ. ಮೊಜ್ಗಾವ್‌ನ ಮೊದಲ ವರ್ಷದ ಸಂಬಳ ತಂಡದ ಮಿತಿಯ ಸುಮಾರು ಶೇ. 17. ಜೇಮಿಸನ್‌ನ 15 ಕೋಟಿ ಆಗಿನ 85 ಕೋಟಿ ಪರ್ಸಿನಲ್ಲಿ ಶೇ. 17.6. ಲಾಸ್ ಏಂಜಲೀಸ್‌ನಲ್ಲೂ ಬೆಂಗಳೂರಿನಲ್ಲೂ ಎತ್ತರಕ್ಕೆ ಒಂದೇ ರೇಟು ಅಂತಾಯ್ತು!

ಹಾಗಾದ್ರೆ ಮಿಂಚಿದ ಉದ್ದದವರನ್ನ ಯಾರೂ ತಗೋಬಾರದಾ? ಅಲ್ಲೇ ಇರೋದು ಸ್ವಾರಸ್ಯ. ಇಬ್ಬರನ್ನ ಪಕ್ಕಪಕ್ಕ ಇಟ್ಟು ನೋಡಿ. ಬಿಸ್ಮಾಕ್ ಬಿಯೊಂಬೊ 2016ರಲ್ಲಿ ಟೊರಾಂಟೊ ತಂಡದ ಮುಖ್ಯ ಸೆಂಟರ್‌ಗೆ ಗಾಯವಾದಾಗ ಒಳಗೆ ಬಂದು ಒಂದೇ ಪ್ಲೇಆಫ್ ಪಂದ್ಯದಲ್ಲಿ 26 ರಿಬೌಂಡ್ ಹಿಡಿದ. ಆರ್ಲಾಂಡೊ 4 ವರ್ಷಕ್ಕೆ 7.2 ಕೋಟಿ ಡಾಲರ್ ಕೊಟ್ಟಿತು, ಎರಡೇ ವರ್ಷಕ್ಕೆ ಸಾಗಹಾಕಿತು. ಐಸಾಯಾ ಹಾರ್ಟನ್‌ಸ್ಟೈನ್ 2023-24ರಲ್ಲಿ ನ್ಯೂಯಾರ್ಕಿನ ಮುಖ್ಯ ಸೆಂಟರ್‌ಗೆ ಗಾಯವಾದಾಗ ಒಳಗೆ ಬಂದು ಮಿಂಚಿದ. ಒಕ್ಲಹೋಮ ಸಿಟಿ 3 ವರ್ಷಕ್ಕೆ 8.7 ಕೋಟಿ ಡಾಲರ್ ಕೊಟ್ಟಿತು. ಮುಂದಿನ ಸೀಸನ್ನಿನಲ್ಲೇ, 2025ರ ಜೂನ್ 22ಕ್ಕೆ, ಆ ತಂಡ ಚಾಂಪಿಯನ್.

ಕಥೆ ಒಂದೇ, ಗಾಯದ ಕಾರಣಾನೂ ಒಂದೇ. ವ್ಯತ್ಯಾಸ ಕೊಂಡವರ ಮನೆಯಲ್ಲಿತ್ತು. ಆರ್ಲಾಂಡೊದಲ್ಲಿ ಆಗಲೇ ವುಚೆವಿಚ್ ಇದ್ದ, ಅದೇ ಬೇಸಿಗೆಯಲ್ಲಿ ಇಬಾಕಾನನ್ನೂ ತಂದಿದ್ದರು. ಮೂವರು ಉದ್ದದವರು ಒಂದೇ ಬಾಗಿಲಲ್ಲಿ ನುಗ್ಗಿದ ಹಾಗೆ. ಒಕ್ಲಹೋಮ ಹಿಂದಿನ ಸೀಸನ್ನಿನಲ್ಲೇ 57 ಪಂದ್ಯ ಗೆದ್ದಿದ್ದ ತಂಡ. ಎಲ್ಲ ಇತ್ತು, ರಿಬೌಂಡ್ ಹಿಡಿಯೋ ದೊಡ್ಡ ಮೈಯವನೊಬ್ಬ ಇರಲಿಲ್ಲ. ಇದ್ದ ತೂತಿನ ಅಳತೆಗೆ ಸರಿಯಾದ ಬೆಣೆ ಹುಡುಕಿದರು, ಅಷ್ಟೇ.

ನಮ್ಮ ಕಡೆ ಟೆನಿಸ್ ಬಾಲ್ ಟೂರ್ನಮೆಂಟುಗಳಲ್ಲಿ ಇದನ್ನ ಕಣ್ಣಾರೆ ನೋಡಬಹುದು. ಪಾಂಡವಪುರದ ಆಸುಪಾಸು ಊರ ತಂಡಗಳು ದುಡ್ಡು ಕೊಟ್ಟು ಹೊರಗಿನಿಂದ ಆಟಗಾರರನ್ನ ಕರೆಸೋದು ಇದ್ದದ್ದೇ. ಒಂದು ಸಲ ನಮ್ಮ ಹುಡುಗರು ಚಂದಾ ಎತ್ತಿ ಒಬ್ಬ ಉದ್ದನೆ ಬೌಲರನ್ನ ಕರ್ಕೊಂಡು ಬಂದರು. ಹಿಂದಿನ ವಾರ ಎಲ್ಲೋ ಫೈನಲ್ಲಿನಲ್ಲಿ ನಾಲ್ಕು ವಿಕೆಟ್ ತೆಗೆದಿದ್ದನಂತೆ. "ಉದ್ದ ಇರೋರಿಗೆ ಬುದ್ಧಿ ಮೊಣಕಾಲಲ್ಲಿ" ಅಂತ ಹಿರಿಯರೊಬ್ಬರು ಬೌಂಡರಿ ಹತ್ತಿರ ಕೂತು ಗೊಣಗ್ತಿದ್ದರು. ಹುಡುಗ ನಿಜಕ್ಕೂ ಚೆನ್ನಾಗೇ ಹಾಕಿದ. ಚೆಂಡು ಎದೆ ಮಟ್ಟಕ್ಕೆ ಬರ್ತಿತ್ತು, ಬ್ಯಾಟ್ಸ್‌ಮನ್ನಿಗೆ ಸಿಗ್ತಾನೇ ಇರಲಿಲ್ಲ. ನಮ್ಮ ಕೀಪರಿಗೂ ಸಿಗಲಿಲ್ಲ. ಬೈ ರನ್ನುಗಳಲ್ಲೇ ಪಂದ್ಯ ಹೋಯ್ತು.

ಅಂದಹಾಗೆ, ಒಂದೇ ಪಂದ್ಯ ನೋಡಿ ಆಳನ್ನ ಹಿಡಿಯೋ ಆಟದಲ್ಲಿ ನಮ್ಮ ಸೀಮೆಗೆ ಇನ್ನೂ ಹಳೇ ಅನುಭವ ಇದೆ. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಒಬ್ಬ ಯೋಧ ಮೈಸೂರಿನ ಕರಾಚೂರಿ ನಂಜರಾಜಯ್ಯನ ಕಣ್ಣಿಗೆ ಬಿದ್ದ. ಕೈಕೆಳಗೆ ಸಣ್ಣದೊಂದು ಕುದುರೆ-ಕಾಲಾಳು ಪಡೆ ಸಿಕ್ಕಿತು. ಹೆಸರು ಹೈದರ್ ಅಲಿ. ಆಗ ಮೈಸೂರಿಗೆ ಇದ್ದ ಕೊರತೆಗೆ ಆತ ಸರಿಯಾಗೇ ಹೊಂದಿದ. ಎಷ್ಟು ಸರಿಯಾಗಿ ಅಂದ್ರೆ 1761ರ ಹೊತ್ತಿಗೆ ಟೀಮೇ ಅವನದಾಯ್ತು, ನೇಮಿಸಿದ ನಂಜರಾಜಯ್ಯ ಪೆವಿಲಿಯನ್ನಿನಲ್ಲಿ! ಆ ಹೈದರ್‌ಗೂ ಎಲ್ಲ ಪಿಚ್ಚೂ ಒಗ್ಗಲಿಲ್ಲ. 1771ರ ಮಾರ್ಚಿನಲ್ಲಿ ಮೇಲುಕೋಟೆಯಿಂದ ಶ್ರೀರಂಗಪಟ್ಟಣಕ್ಕೆ ಹಿಂದೆ ಸರೀತಿದ್ದಾಗ ಮರಾಠರು ಚಿನಕುರಳಿ ಹತ್ತಿರ ಅವನ ಸೈನ್ಯವನ್ನ ಚಿಂದಿ ಮಾಡಿದರು. ನಮ್ಮ ಕೆರೆ ಸುತ್ತಲಿನ ಗುಡ್ಡಗಳೇ ಆ ಮೈದಾನ. ಈಗ ಅಲ್ಲಿ ಜನ ಸೆಲ್ಫಿ ತಗೋತಾರೆ.

ಮತ್ತೆ ಆರ್‌ಸಿಬಿಗೆ ಬರೋಣ. ಜೇಮಿಸನ್‌ಗಿಂತ ಮುಂಚೆ 2017ರಲ್ಲಿ ಟೈಮಲ್ ಮಿಲ್ಸ್‌ಗೆ 12 ಕೋಟಿ ಕೊಟ್ಟರು, 5 ಪಂದ್ಯಕ್ಕೆ 5 ವಿಕೆಟ್. ಆಮೇಲೆ 2023ರ ಡಿಸೆಂಬರ್ ಹರಾಜಿನಲ್ಲಿ ಅಲ್ಜಾರಿ ಜೋಸೆಫ್‌ಗೆ 11.5 ಕೋಟಿ, 3 ಪಂದ್ಯಕ್ಕೆ 1 ವಿಕೆಟ್. 20 ಲಕ್ಷದ ಹರ್ಷಲ್‌ನನ್ನೇ ಮಿಂಚಿದ ಮೇಲೆ 2022ರಲ್ಲಿ 10.75 ಕೋಟಿಗೆ ಕೊಂಡರು, ವಿಕೆಟ್ 32ರಿಂದ 19ಕ್ಕೆ ಇಳಿಯಿತು. ಮಿಂಚು ಹೊಡೆದ ಜಾಗದಲ್ಲೇ ಮತ್ತೆ ಹೊಡೆಯಲಿ ಅಂತ ಕಾಯ್ತಾ ಕೂತ ಹಾಗೆ. ಇದಕ್ಕೆಲ್ಲ ಎದುರಾಗಿ 2011ರ ಕ್ರಿಸ್ ಗೇಲ್ ಇದಾನೆ. ಹರಾಜಿನಲ್ಲಿ ಯಾರಿಗೂ ಬೇಡವಾದವನು. ಡರ್ಕ್ ನಾನೆಸ್‌ಗೆ ಗಾಯವಾಗಿ ಬದಲಿ ಬೇಕಾದಾಗ ಕರೆಸಿದರು. ಮೊದಲ ಪಂದ್ಯದಲ್ಲೇ ಈಡನ್ ಗಾರ್ಡನ್ಸ್‌ನಲ್ಲಿ ಔಟಾಗದೆ 102, ಆ ಸೀಸನ್ನಿನಲ್ಲಿ 608 ರನ್. ಆಗ ನಾನು ಹೈಸ್ಕೂಲು. ಮಾರನೇ ದಿನ ಕ್ಲಾಸಿನಲ್ಲಿ ಪಾಠ ಯಾರು ಕೇಳಿದ್ರು ಹೇಳಿ!

ನನಗೆ ಸರಿ ಅನ್ನಿಸಿದ ಉದ್ದದವನ ಖರೀದಿ ಜೋಶ್ ಹೇಜಲ್‌ವುಡ್. ಆರಡಿ ಐದಿಂಚು. ಆದರೆ ಅವನನ್ನ ಯಾರೂ ಒಂದು ಸೀಸನ್ ನೋಡಿ ಕೊಳ್ಳಲಿಲ್ಲ, ಹತ್ತು ವರ್ಷದ ಲೆಕ್ಕ ಕಣ್ಣ ಮುಂದಿತ್ತು. 2022ರಲ್ಲಿ 7.75 ಕೋಟಿಗೆ ಬಂದು 20 ವಿಕೆಟ್ ತೆಗೆದ. ಮಧ್ಯದಲ್ಲಿ ಅವನನ್ನೂ ಬಿಟ್ಟುಕೊಟ್ಟರು (ಇದು ನಮ್ಮ ತಂಡದ ಹಣೆಬರಹ), ಆಮೇಲೆ 2024ರ ನವೆಂಬರಿನಲ್ಲಿ 12.5 ಕೋಟಿಗೆ ಮತ್ತೆ ತಂದರು. 120 ಕೋಟಿ ಪರ್ಸಿನಲ್ಲಿ ಅದು ಹತ್ತು ಪರ್ಸೆಂಟು ಚಿಲ್ಲರೆ. ಉಳಿದ ದುಡ್ಡಿನಲ್ಲಿ ಭುವನೇಶ್ವರ್, ಕೃಣಾಲ್, ಸಾಲ್ಟ್ ಎಲ್ಲ ಬಂದರು. 2025ರಲ್ಲಿ ಹೇಜಲ್‌ವುಡ್ 12 ಪಂದ್ಯಗಳಲ್ಲಿ 22 ವಿಕೆಟ್.

ಆ ವರ್ಷದ ಫೈನಲ್ ಜೂನ್ 3ಕ್ಕೆ ಅಹಮದಾಬಾದಿನಲ್ಲಿ. ಎದುರಿಗಿದ್ದ ಪಂಜಾಬ್ ತಂಡದಲ್ಲಿ ಯಾರಿದ್ರು ಗೊತ್ತಾ? ಅದೇ ಜೇಮಿಸನ್! ಬೆನ್ನಿನ ಆಪರೇಷನ್ ಎಲ್ಲ ಮುಗಿಸಿ, ಲಾಕಿ ಫರ್ಗ್ಯುಸನ್‌ಗೆ ಬದಲಿಯಾಗಿ 2 ಕೋಟಿಗೆ ಬಂದಿದ್ದ. ಸಾಲ್ಟ್, ಪಾಟೀದಾರ್, ಲಿವಿಂಗ್‌ಸ್ಟನ್ ಮೂವರನ್ನೂ ತೆಗೆದ. ನಾವು 15 ಕೋಟಿ ಕೊಟ್ಟಾಗ ಬರದೇ ಇದ್ದ ಬೌನ್ಸು ಅವತ್ತು ನಮ್ಮ ಮೇಲೇ ಬಂತು. ಟಿವಿ ಮುಂದೆ ನಮ್ಮ ಮನೆಯಲ್ಲಿ ಯಾರೂ ಮಾತಾಡ್ತಾ ಇರಲಿಲ್ಲ.

ಆರ್‌ಸಿಬಿ 190. ಪಂಜಾಬಿಗೆ ಕೊನೇ ಓವರಿಗೆ 29 ಬೇಕು, ಚೆಂಡು ಹೇಜಲ್‌ವುಡ್ ಕೈಯಲ್ಲಿ. ಮೊದಲ ಎರಡು ಎಸೆತಕ್ಕೆ ರನ್ ಇಲ್ಲ. ಉಳಿದ ನಾಲ್ಕಕ್ಕೆ ಶಶಾಂಕ್ ಸಿಂಗ್ ಹೊಡೆದಿದ್ದು ಸಿಕ್ಸ್, ಫೋರ್, ಸಿಕ್ಸ್, ಸಿಕ್ಸ್. ಗೆದ್ದಿದ್ದು 6 ರನ್ನಿಗೆ. 12.5 ಕೋಟಿ ಎಲ್ಲಿ ಹೋಯ್ತು ಅಂತ ಯಾರಾದ್ರೂ ಕೇಳಿದ್ರೆ ನಾನು ಆ ಮೊದಲ ಎರಡು ಚೆಂಡು ತೋರಿಸ್ತೀನಿ.