ಬೇಡ ಎಂಬ ಹೆಸರು

ಕನ್ನಡದಲ್ಲಿ 'ಬೇಡ' ಎಂಬುದು ಬೇಟೆಗಾರನ ಹೆಸರೂ ಹೌದು, ನಿರಾಕರಣೆಯ ನುಡಿಯೂ ಹೌದು. ಯಾದಗಿರಿಯಿಂದ ಶಹಾಪುರವನ್ನು ಹಾದು ಸುರಪುರದ ಗುಡ್ಡಗಳ ಕಡೆಗೆ ಹೋಗುವಾಗಲೆಲ್ಲ ಈ ಶ್ಲೇಷೆ ನನ್ನ ಮನಸ್ಸನ್ನು ಕೆಣಕುತ್ತದೆ. ಎರಡಕ್ಕೂ ಸಂಬಂಧವಿಲ್ಲವೆಂದು ಭಾಷಾಪಂಡಿತರು ಹೇಳಿಯಾರು. ಚರಿತ್ರೆಗೆ ಅಷ್ಟು ವ್ಯಾಕರಣ ತಿಳಿಯದು.

ಬಿಜಾಪುರ ಗೋಲ್ಕೊಂಡಗಳನ್ನು ನುಂಗಿ ಮುಗಿಸಿದ್ದ ಔರಂಗಜೇಬನು, ಎಂಬತ್ತಾರರ ಮುಪ್ಪಿನಲ್ಲಿ, 1705ರಲ್ಲಿ ತಾನೇ ಬಂದು ಬೀಡುಬಿಟ್ಟು ತಿಂಗಳುಗಟ್ಟಲೆ ಮುತ್ತಬೇಕಾಗಿ ಬಂದ ಸುರಪುರದ ಬಳಿಯ ವಾಗಣಗೇರಿಯ ಕೋಟೆಯನ್ನು ಕಾದವನು ಬೇಡರ ದೊರೆ ಪಿಡ್ಡನಾಯಕ. ಕೋಟೆ ಬಿದ್ದಿತು, ದೊರೆ ಸಿಕ್ಕಲಿಲ್ಲ. ಬೇಡರ ಬಂದೂಕಿನ ಗುರಿಯನ್ನು ಅಲ್ಲಗಳೆಯಲಾರದ ಮೊಗಲ್ ಆಸ್ಥಾನದ ಲೇಖನಿಯು ಅವರ ಕುಲವನ್ನು ಹಳಿದು ಸಮಾಧಾನಪಟ್ಟುಕೊಂಡಿತು.

ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, 1840ರ ದಶಕದ ಆರಂಭದಲ್ಲಿ, ಸುರಪುರದ ರಾಣಿ ಈಶ್ವರಮ್ಮನ ಒಡ್ಡೋಲಗಕ್ಕೆ ಬ್ರಿಟಿಷರ ಪ್ರತಿನಿಧಿಯಾಗಿ ಬಂದ ಮೆಡೋಸ್ ಟೇಲರನ ಕಥೆ ಇನ್ನೂ ಸಂಕೀರ್ಣವಾದುದು. ಕಂಪನಿಯ ಉನ್ನತ ವರ್ಗಕ್ಕೆ ಸೇರದೆ ನಿಜಾಮನ ಸೇವೆಯಿಂದ ಮೇಲೆ ಬಂದ ಈತನಿಗೆ ತನ್ನವರಲ್ಲಿಯೇ ಒಂದು ಮೆಟ್ಟಿಲು ಕೆಳಗಿನ ಸ್ಥಾನ. ಆದರೆ ಸುರಪುರದಲ್ಲಿ ಬಿಳಿಯ ಮೈಬಣ್ಣವೊಂದೇ ಅವನನ್ನು ರಾಣಿಯ ಮಾತಿನ ಮೇಲೆ ಮಾತಾಡುವವನನ್ನಾಗಿ ಮಾಡಿತು. ಬಾಲರಾಜ ವೆಂಕಟಪ್ಪನಾಯಕನು ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನು. ಆ ಅಕ್ಕರೆ ಹುಸಿಯಲ್ಲವೆಂದೇ ನನ್ನ ನಂಬಿಕೆ. ಆದರೂ ಬ್ರಿಟಿಷರ ವಿರುದ್ಧದ 1858ರ ದಂಗೆಯಲ್ಲಿ ಸೋತು, ಹೈದರಾಬಾದಿನಲ್ಲಿ ಸೆರೆಸಿಕ್ಕು, ಮರಣದಂಡನೆಯು ಸೆರೆವಾಸಕ್ಕೆ ಇಳಿದ ಮೇಲೆ ಕಾವಲಿನಲ್ಲಿಯೇ ಗುಂಡಿನಿಂದ ಮಡಿದ ಆ ತರುಣನ ಮಾತುಗಳನ್ನು ನಾವಿಂದು ಬಹುಮಟ್ಟಿಗೆ ಕೇಳುವುದು 1877ರಲ್ಲಿ ಅಚ್ಚಾದ ಟೇಲರನ ಆತ್ಮಕಥೆಯಲ್ಲಿ. ಮಗನ ಕಥೆಯನ್ನು ಬರೆಯುವ ಅಧಿಕಾರವೂ 'ಅಪ್ಪ'ನದೇ ಆಯಿತು. ಸಂಸ್ಥಾನವನ್ನು ಬ್ರಿಟಿಷರು 1860ರಲ್ಲಿ ನಿಜಾಮನಿಗೆ ಬಳುವಳಿಯಂತೆ ಕೊಟ್ಟುಬಿಟ್ಟರು. ಅಲ್ಲಿಂದ 1948ರವರೆಗೆ ಕನ್ನಡದಲ್ಲಿ ಉತ್ತು ಬಿತ್ತಿದವನು ಪಾರಸಿಯ, ಅನಂತರ ಉರ್ದುವಿನ, ಕಾಗದಕ್ಕೆ ಹೆಬ್ಬೆಟ್ಟು ಒತ್ತಿದನು.

ಇಷ್ಟು ಹೇಳಿ ನಿಲ್ಲಿಸಿದರೆ ಕಥೆ ಅರ್ಧ ಸುಳ್ಳಾಗುತ್ತದೆ. ದಿಲ್ಲಿಯವರೂ ಲಂಡನ್ನಿನವರೂ ಕೀಳೆಂದು ಕಂಡ ಬೇಡನು, ಊರ ಹೊರಗಣ ಕೇರಿಯ ಹೊಲೆಯ ಮಾದಿಗರ ಕಣ್ಣಿಗೆ ಮೇಲಿನವನೇ, ದೊರೆಯ ಕುಲದವನೇ. ಒಂದೇ ಹೆಸರು ಮೇಲಿನಿಂದ ನೋಡಿದರೆ ಕಳಂಕ, ಕೆಳಗಿನಿಂದ ನೋಡಿದರೆ ಕಿರೀಟ. 1991ರ ಕಾಯಿದೆಯು ನಾಯಕ, ಬೇಡ, ಬೇಡರ, ವಾಲ್ಮೀಕಿ ಎಂಬ ಹೆಸರುಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿತು. ಯಾರೋ ಯಾರನ್ನೋ ಹೀಗಳೆಯಲು ಬಳಸಿದ ಹೆಸರೇ ಹಕ್ಕಿನ ಹೆಸರಾಯಿತು. ಸುರಪುರದ ವಿಧಾನಸಭಾ ಸ್ಥಾನವೂ ಈಗ ಆ ಪಂಗಡಕ್ಕೆ ಮೀಸಲು. ಆದರೆ ಅರಮನೆಯ ವಂಶಸ್ಥನಿಗೂ, ಮಳೆ ಕೈಕೊಟ್ಟ ವರ್ಷ ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಬೆಂಗಳೂರಿಗೆ ಗುಳೆ ಹೋಗುವ ಬೇಡರ ಹೆಣ್ಣುಮಗಳಿಗೂ ತಹಸೀಲ ಕಚೇರಿಯು ಕೊಡುವ ಜಾತಿಪತ್ರದಲ್ಲಿ ಇರುವುದು ಅದೇ ಎರಡಕ್ಷರ.